ಕರಿ ಹೊಗೆ, ಬಿಳಿ ಹೊಗೆ, ಮನೆ ಅಳಿಯ

ಗಂಗೊಳ್ಳಿಯ ನಮ್ಮ ಮಾವನ ಮನೆಯಲ್ಲಿ ಬೋಟಿನ ಎಂಜಿನ್ ಕೆಟ್ಟರೆ ಮೊದಲ ಫೋನ್ ಮೆಕ್ಯಾನಿಕ್ಕಿಗೆ ಹೋಗುವುದಿಲ್ಲ. ಮೊದಲು ಜಗುಲಿಯಲ್ಲಿ ವಾದ. ಅತ್ತೆ ಕಿವಿಯಿಂದ ರೋಗ ಹೇಳುತ್ತಾರೆ, ಮಾವ ಮೂಗಿನಿಂದ, ನನ್ನ ಹೆಂಡತಿ ಫೋನಿನಿಂದ. ನಾನು ಪುಸ್ತಕದಿಂದ. ಚಿತ್ರದುರ್ಗದ ಕಡೆಯವನಾದ ನಾನು ಮದುವೆಗೆ ಮೊದಲು ಹತ್ತಿರದಿಂದ ಕಂಡ ಡೀಸೆಲ್ ಎಂಜಿನ್ ಎಂದರೆ ಹೊಲದ ಪಂಪ್‌ಸೆಟ್. ಅದು ಕೆಟ್ಟರೆ ನೀರು ಕಾಣುವುದಿಲ್ಲ. ಇಲ್ಲಿ ಕೆಟ್ಟರೆ ನೀರು ಬಿಟ್ಟು ಬೇರೇನೂ ಕಾಣುವುದಿಲ್ಲ.

ಹಾಗೆಂದು ಸುಮ್ಮನಿರಲಾದೀತೇ? ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ಗೊತ್ತಿಲ್ಲ ಎನ್ನುವ ಅಭ್ಯಾಸ ತಪ್ಪಿಹೋಗಿದೆ. ನನ್ನ ಪದ್ಧತಿ ಸರಳ. ಎಂಜಿನ್ನಿನ ಅತ್ಯಂತ ದುಬಾರಿ ಭಾಗ ಯಾವುದೋ, ರೋಗ ಅಲ್ಲಿಂದಲೇ ಶುರು. ಸ್ಟಾರ್ಟ್ ಆಗಿ ಸ್ವಲ್ಪ ಹೊತ್ತಿಗೇ ನಿಂತಿತೇ? ಇಂಜೆಕ್ಷನ್ ಪಂಪ್ ಹೋಯಿತು. ಕರಿ ಹೊಗೆಯೇ? ಆರೂ ಇಂಜೆಕ್ಟರ್ ಬದಲಿಸಬೇಕು. ಗಂಭೀರವಾಗಿ ಹೇಳಿ ಕನ್ನಡಕ ಒರೆಸಿಕೊಂಡರೆ ಬಂದರಿನಲ್ಲಿ ನಾಲ್ಕು ಜನ ತಿರುಗಿ ನೋಡುತ್ತಾರೆ. ಮಾವ ಮಾತ್ರ ನೋಡುವುದಿಲ್ಲ. ದುಡ್ಡು ಕೊಡುವವರು ಅವರು.

ಆಗಸ್ಟಿನ ಮೊದಲ ವಾರ ನನ್ನ ವಿದ್ಯೆಗೆ ಸುಗ್ಗಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟುಗಳು ಮಳೆಯಲ್ಲಿ ಕಟ್ಟಿಹಾಕಿಕೊಂಡು ಕೂತಿರುತ್ತವೆ. ಅರ್ಧ ಖಾಲಿಯಿರುವ ಡೀಸೆಲ್ ಟ್ಯಾಂಕಿನೊಳಗೆ ಗಾಳಿಯ ತೇವ ತಣಿದು ನೀರಾಗಿ ತಳಕ್ಕಿಳಿಯುತ್ತದೆ. ಎಣ್ಣೆಯೂ ನೀರೂ ಸೇರುವ ಗೆರೆಯಲ್ಲಿ ಕಣ್ಣಿಗೆ ಕಾಣದ ಜೀವಿಗಳು ಸಂಸಾರ ಹೂಡಿ ಕಪ್ಪು ಲೋಳೆ ಕಟ್ಟುತ್ತವೆ. ಸಮುದ್ರದಲ್ಲಿ ಬೋಟು ಹೊಯ್ದಾಡಿದ ಕೂಡಲೇ ಆ ಲೋಳೆ ಎದ್ದು ಫಿಲ್ಟರಿಗೆ ಬಂದು ಕೂರುತ್ತದೆ. ಮಳೆಗೆ ಮುಂಚೆ ಟ್ಯಾಂಕ್ ತುಂಬಿಸಿಡಿ ಎಂದು ಅತ್ತೆ ಪ್ರತಿ ಮೇ ತಿಂಗಳು ಹೇಳುತ್ತಾರೆ. ಪ್ರತಿ ಮೇ ತಿಂಗಳೂ ದುಡ್ಡಿರುವುದಿಲ್ಲ.

ಹೀಗೊಂದು ಆಗಸ್ಟಿನಲ್ಲಿ ಅಳಿವೆ ದಾಟುವ ಮೊದಲೇ ಭಾವನ ಫೋನು. ಎಂಜಿನ್ ನಿಂತು ನಿಂತು ಹೋಗುತ್ತಿದೆ. ನಾನು "ಇಂಜೆಕ್ಷನ್..." ಎನ್ನುವಷ್ಟರಲ್ಲಿ ಹೆಂಡತಿ ಫೋನ್ ಕಿತ್ತುಕೊಂಡಳು. "ಎಂಜಿನ್ ಹತ್ರ ಹಿಡಿ, ಕಾಂಬ." ಒಂದು ಕೈಯಲ್ಲಿ ಬಂಗುಡೆ, ಇನ್ನೊಂದರಲ್ಲಿ ಫೋನು. ಸದ್ದು ಏರಿತು, ಇಳಿಯಿತು, ಮತ್ತೆ ಏರಿತು, ಸತ್ತಿತು. "ಫಿಲ್ಟರ್ ಬದಲ್ ಮಾಡಿದ್ಯಾ? ಪಂಪಿಗೆ ಎಂತದೂ ಆಯಿಲ್ಲ. ಏರ್ ಹಿಡ್ದಿತ್." ಫಿಲ್ಟರ್ ಮೇಲಿನ ಸಣ್ಣ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಿದರೆ ಮೊದಲು ನೊರೆ, ಆಮೇಲೆ ಗುಳ್ಳೆ, ಕೊನೆಗೆ ಗುಳ್ಳೆಯಿಲ್ಲದ ಡೀಸೆಲ್. ಆಗ ಸ್ಕ್ರೂ ಬಿಗಿ ಮಾಡಬೇಕು. ಖರ್ಚು, ಒಂದು ಚಿಂದಿ ಬಟ್ಟೆ.

ಹೊಗೆಯ ಶಾಸ್ತ್ರವನ್ನೂ ನಾನು ಬಾಯಿಪಾಠ ಮಾಡಿದ್ದೇನೆ. ನೀಲಿಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಕರಿಯಾದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ, ಇಲ್ಲವೇ ಹೊರಲಾರದ ಹೊರೆ. ಆ ಹೊರೆ ಏನೆಂದು ಪುಸ್ತಕ ಬಿಡಿಸಿ ಹೇಳಲಿಲ್ಲ. ಭಾವ ಮುಳುಗಿ ನೋಡಿದರೆ ಫ್ಯಾನಿಗೆ ಯಾರದೋ ಹರಿದ ಬಲೆ ಸುತ್ತಿಕೊಂಡಿತ್ತು. ಬಿಳಿ ಹೊಗೆಯ ವಿಷಯದಲ್ಲಿ ಅತ್ತೆಯದೇ ಕೊನೆಯ ತೀರ್ಪು: ಬೆಳಿಗ್ಗೆ ತಣ್ಣಗಿದ್ದಾಗ ಬಂದರೆ ಬಿಡಿ, ಬಿಸಿಯಾದ ಮೇಲೂ ಬಂದರೆ ಮಗನನ್ನು ವಾಪಸ್ ಕರೆಸಿ.

ನನ್ನ ಕೈಲಾಗುವುದು ಇತಿಹಾಸ ಎಂದು ರುಡಾಲ್ಫ್ ಡೀಸೆಲ್ ಕತೆ ತೆಗೆದೆ. ಕಿಡಿಯೇ ಬೇಡ, ಗಾಳಿಯನ್ನು ಹಿಂಡಿದರೆ ಸಾಕು, ಆ ಕಾವಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ ಎಂದು ತೋರಿಸಿದ ಮಹಾನುಭಾವ, 1913ರ ಸೆಪ್ಟೆಂಬರ್ 29ರ ರಾತ್ರಿ ಆಂಟ್ವರ್ಪಿನಿಂದ ಇಂಗ್ಲೆಂಡಿಗೆ ಹೊರಟ ಹಡಗಿನಿಂದಲೇ ಕಾಣೆಯಾದ ಎಂದೆ. ಅತ್ತೆ ಲೊಚಗುಟ್ಟಿ, "ಆ ಹಡಗಿನ ಎಂಜಿನ್ ಸರಿ ಇತ್ತಾ?" ಎಂದರು. ಅದು ಉಗಿಹಡಗು ಎಂದೆ. "ಅವ್ನಿಗೇ ನಂಬಿಕೆ ಇಲ್ಲ ಕಾಣಿ," ಎಂದು ಎದ್ದುಹೋದರು.

ಈ ಮನೆಯಲ್ಲಿ ಕಲಿತ ಪರೀಕ್ಷೆಗಳಲ್ಲಿ ಒಂದನ್ನು ಮಾತ್ರ ಕಲಿಯಬಾರದಿತ್ತು. ಯಾವ ಸಿಲಿಂಡರ್ ದುಡಿಯುತ್ತಿಲ್ಲ ಎಂದು ತಿಳಿಯಲು ಎಂಜಿನ್ ನಿಧಾನಕ್ಕೆ ಓಡುವಾಗ ಇಂಜೆಕ್ಟರ್ ಪೈಪಿನ ನಟ್ಟುಗಳನ್ನು ಒಂದೊಂದಾಗಿ ಸ್ವಲ್ಪವೇ ಸಡಿಲಿಸುತ್ತಾರೆ. ಬರಿಗೈ ಒಡ್ಡುವಂತಿಲ್ಲ, ಆ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ. ಸಡಿಲಿಸಿದಾಗ ಸದ್ದು ಕುಗ್ಗಿದರೆ ಆ ಸಿಲಿಂಡರ್ ದುಡಿಯುತ್ತಿತ್ತು. ಸದ್ದು ಇದ್ದ ಹಾಗೇ ಇದ್ದರೆ ಕಳ್ಳ ಅದೇ. ನಾನು ಊರಿಗೆ ಹೋಗಿ ಬಂದ ದಿನ, ನಾನಿಲ್ಲದೆ ಮನೆ ಹೇಗೆ ನಡೆಯಿತು ಎಂದು ಹೆಂಡತಿಯನ್ನು ಕೇಳಿದೆ. "ಸದ್ದಲ್ಲಿ ಎಂತದೂ ವ್ಯತ್ಯಾಸ ಗೊತ್ತಾಯಿಲ್ಲ," ಎಂದಳು.

ಕಳೆದ ಸೀಸನ್ನಿನಲ್ಲಿ ಮಾತ್ರ ದೇವರು ನನ್ನ ಕಡೆಗಿದ್ದ. ಬಿಳಿ ಹೊಗೆ ಮಧ್ಯಾಹ್ನವೂ ನಿಲ್ಲಲಿಲ್ಲ. ಭಾವ ಬೋಟು ತಿರುಗಿಸಿ ತಂದ. ಮಾವ ಹೊಗೆ ಮೂಸಿ "ಸಿಹಿ ವಾಸ್ನೆ, ಕೂಲೆಂಟ್ ಒಳಗೆ ಹೋತಿತ್" ಎಂದರು. ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣ. ಕೂಲೆಂಟ್ ಟ್ಯಾಂಕಿನಲ್ಲಿ ಬುಳುಬುಳು ಗುಳ್ಳೆ. ನಾನು ಎಂದಿನಂತೆ, "ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಬಿಚ್ಚಬೇಕು," ಎಂದೆ. ಯಾರೂ ನಗಲಿಲ್ಲ. ಫಿಟ್ಟರ್ ಬಂದು ಹೌದೆಂದ. ಹೆಡ್ ಬಿಚ್ಚಿ, ಲೇತಿಗೆ ಕಳಿಸಿ, ಮತ್ತೆ ಕೂರಿಸುವವರೆಗೆ ಬೋಟು ದಕ್ಕೆಯಲ್ಲೇ ಇರಬೇಕು. ಹೊರಗೆ ಬೂತಾಯಿ ರಾಶಿ ಬೀಳುತ್ತಿದ್ದ ಸಮಯ. ಮಾವ ತಲೆಗೆ ಕೈಹೊತ್ತು ಕೂತರು, ಭಾವ ಕಲಾಸಿಗಳ ಮುಖ ನೋಡಲಾರದೆ ಅತ್ತ ತಿರುಗಿದ. ಕತ್ತಲೆಯ ಎಂಜಿನ್ ರೂಮಿನಲ್ಲಿ ಟಾರ್ಚ್ ಹಿಡಿದು ನಿಂತಿದ್ದ ನಾನು ತುಟಿ ಕಚ್ಚಿ ಹಿಡಿದಿದ್ದೆ. ಹೆಂಡತಿ ಬಗ್ಗಿ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು.

"ನೆಗಿ ನಿಲ್ಸಿ, ಬೆಳ್ಕು ಅಲ್ಲಾಡ್ತಿತ್ತ್," ಎಂದಳು.