ಬುಕ್ಕಾಪಟ್ಟಣದ ಪ್ಲೇಸ್‌ಮೆಂಟು

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ. ರೇಷನ್ ಕಾರ್ಡು ಬಿಟ್ಟರೆ ಈಗ ಅದು ಬೇರೆಲ್ಲೂ ಚಾಲ್ತಿಯಲ್ಲಿಲ್ಲ. ಹಾಲಿನ ಡೇರಿಯಿಂದ ಬಸ್ ಸ್ಟ್ಯಾಂಡಿನ ಟೀ ಅಂಗಡಿವರೆಗೆ ಅವನು ‘ಪ್ಲೇಸ್‌ಮೆಂಟು’. “ಪ್ಲೇಸ್‌ಮೆಂಟು ಊರಿಗೆ ಬಂದವ್ನಂತೆ”, “ಪ್ಲೇಸ್‌ಮೆಂಟಿಗೆ ಹಲ್ಲು ನೋವಂತೆ” ಎಂದೇ ಮಾತು. ಅವನಿಗೆ ಇದರಿಂದ ಬೇಜಾರೇನೂ ಇಲ್ಲ. “ಪರ್ಸನಲ್ ಬ್ರ್ಯಾಂಡಿಂಗ್ ಸರ್, ಫ್ರೀಯಾಗಿ ಆಗ್ತಿದೆ” ಅನ್ನುತ್ತಾನೆ.

ಬೆಂಗಳೂರಿನ ಹೊರವಲಯದ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಅವನ ಓದು. ಓದು ಅಂದರೆ ಅವನಿಗಾಗದು. ಅವನು ಅಪ್‌ಸ್ಕಿಲ್ ಆಗುತ್ತಿದ್ದಾನೆ. ನಮ್ಮ ಬುಕ್ಕಾಪಟ್ಟಣದಲ್ಲಿ ಮಾತ್ರ ಇಂಥವನಿದ್ದಾನೆ ಅಂತ ಶಿರಾದವರು ನಗಬೇಕಾಗಿಲ್ಲ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ, ಯಾವ ಹೋಬಳಿಗೆ ಹೋದರೂ ಬ್ಲೇಜರ್ ತೊಟ್ಟ ಒಬ್ಬ ಪ್ಲೇಸ್‌ಮೆಂಟು ಸಿಕ್ಕೇ ಸಿಗುತ್ತಾನೆ. ಈ ನಾಲ್ಕು ತಾಲ್ಲೂಕು ಸೇರಿಸಿ ಶಿಕ್ಷಣ ಇಲಾಖೆಯವರು ‘ಮಧುಗಿರಿ ಶೈಕ್ಷಣಿಕ ಜಿಲ್ಲೆ’ ಅಂತ ಮಾಡಿಟ್ಟಿದ್ದಾರೆ. ಬೇರೆ ಯಾವ ಇಲಾಖೆಗೂ ನಾವು ಜಿಲ್ಲೆಯಲ್ಲ, ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಮಾತ್ರ ಜಿಲ್ಲೆ. ಆ ಒಂದು ದಿನದ ಜಿಲ್ಲಾ ಮರ್ಯಾದೆಯನ್ನು ವರ್ಷವಿಡೀ ಹೊತ್ತು ತಿರುಗುವ ಜವಾಬ್ದಾರಿ ಇಂಥ ಹುಡುಗರ ಮೇಲೆ ಬಿದ್ದಿದೆ.

ನಮ್ಮ ಪ್ಲೇಸ್‌ಮೆಂಟು ಮೊದಲ ಸಲ ಬ್ಲೇಜರ್ ತೊಟ್ಟು ಶಿರಾ ಬಸ್ಸಿಂದ ಇಳಿದದ್ದು ಏಪ್ರಿಲ್ ತಿಂಗಳಲ್ಲಿ. ನಮ್ಮ ಕಡೆ ಏಪ್ರಿಲ್ ಅಂದರೆ ನಾಯಿ ಕೂಡ ಪಂಚಾಯ್ತಿ ನಲ್ಲಿಯ ಕೆಳಗಿನ ಒದ್ದೆ ಜಾಗ ಬಿಟ್ಟು ಕದಲುವುದಿಲ್ಲ. ಇವನು ಕಡುನೀಲಿ ಬ್ಲೇಜರ್, ಟೈ, ಕರಿ ಶೂ. ಎದೆಯ ಮೇಲೆ ಲಾಂಛನ: ಒಂದು ಸಿಂಹ, ಒಂದು ತೆರೆದ ಪುಸ್ತಕ, ಒಂದು ದೀಪ, ಯಾವುದಕ್ಕೂ ಇರಲಿ ಅಂತ ಒಂದು ರಾಕೆಟ್. ಕತ್ತಿನ ಪಟ್ಟಿಯಲ್ಲಿ ಐಡಿ ಕಾರ್ಡು. ಆ ಪಟ್ಟಿಯ ಮೇಲೆ ವಿಶ್ವವಿದ್ಯಾಲಯದ ಹೆಸರು ಒಂದರ ಹಿಂದೊಂದು ಎಷ್ಟು ಸಲ ಅಚ್ಚಾಗಿದೆ ಅಂದರೆ, ಹುಡುಗ ದಾರಿ ತಪ್ಪಿದರೆ ಕತ್ತು ಹಿಡಿದು ತಂದು ಬಿಡಲು ಅನುಕೂಲ. ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದ ಅವನಜ್ಜಿ ತಲೆ ಎತ್ತಿ ನೋಡಿ, “ಯಾರದ್ಲಾ ಮದ್ವೆ?” ಅಂತ ಕೇಳಿತು.

ಅವನು ಅಲ್ಲಿಗೆ ಸೇರಿದ ಬಗೆ ಹೇಳುತ್ತೇನೆ. ಸೆಕೆಂಡ್ ಪಿಯುಸಿಯಲ್ಲಿ ಅವನು ಪಾಸಾದದ್ದು ನಿಜ. ಸಿಇಟಿಯಲ್ಲೂ ರ್‍ಯಾಂಕ್ ಬಂತು, ಆರಂಕಿಯ ರ್‍ಯಾಂಕ್. 1994ರಲ್ಲಿ ಸಿಇಟಿ ಶುರುವಾದಾಗ ನಾನು ಹೈಸ್ಕೂಲ್ ಮೇಷ್ಟರು. ರೈತರ ಮಕ್ಕಳು ಯಾರ ಕಾಲೂ ಹಿಡಿಯದೆ ಇಂಜಿನಿಯರ್ ಆಗಬಹುದು ಅಂತ ಆಗ ಸಂಭ್ರಮಪಟ್ಟವರಲ್ಲಿ ನಾನೂ ಒಬ್ಬ. ಈಗಿನ ಮಕ್ಕಳು ಆಪ್ಷನ್ ಎಂಟ್ರಿ, ಮಾಕ್ ಅಲಾಟ್‌ಮೆಂಟ್, ಒಂದನೇ ಸುತ್ತು, ಎರಡನೇ ಸುತ್ತು ಅಂತ ಕಾಯುವಷ್ಟರಲ್ಲಿ ಖಾಸಗಿ ವಿಶ್ವವಿದ್ಯಾಲಯದ ಫೋನ್ ಬಂದುಬಿಡುತ್ತದೆ. ಇವರ ಮನೆಗೂ ಬಂತು. “ಕಂಗ್ರಾಜುಲೇಷನ್ಸ್ ಸರ್, ನಿಮ್ಮ ಮಗ ಶಾರ್ಟ್‌ಲಿಸ್ಟ್ ಆಗಿದಾರೆ!” ಅಪ್ಪ ಆಗ ತೋಟದಲ್ಲಿ ಮೋಟಾರು ಕೆಟ್ಟು ಕೂತಿದ್ದ. “ಯಾವ್ದುಕ್ಕಮ್ಮಾ? ಅವ್ನು ಅರ್ಜಿನೇ ಹಾಕಿಲ್ವಲ್ಲ?” ಅಂದ. “ಅದಕ್ಕೇ ಸರ್ ಸ್ಪೆಷಲ್” ಅಂದಳು ಆ ಹೆಣ್ಣುಮಗಳು.

ಫೀಸು ಇಷ್ಟು, ಅದರಲ್ಲಿ ಸ್ಕಾಲರ್‌ಶಿಪ್ ಇಷ್ಟು ಕಳೆಯುತ್ತೇವೆ, ಆದರೆ ಭಾನುವಾರದೊಳಗೆ ಬುಕಿಂಗ್ ಮಾಡಬೇಕು ಅಂದರು. ಅಪ್ಪ ಶಿರಾ ಎಪಿಎಂಸಿಯಲ್ಲಿ ಕಡ್ಲೆಕಾಯಿ ಮಾರಿ ತಲೆ ನರೆತವನು. ರೇಟು ಮೊದಲು ಏರಿಸಿ ಆಮೇಲೆ ಇಳಿಸಿ ತೋರಿಸುವ ವ್ಯಾಪಾರ ಅವನಿಗೆ ತಿಳಿಯದ್ದಲ್ಲ. ಆದರೂ ಬಿದ್ದ. ಎಪಿಎಂಸಿಯಲ್ಲಿ ಯಾರೂ ಅವನನ್ನು ಎಸಿ ಹಾಲಿನಲ್ಲಿ ಕೂರಿಸಿ, ಕಾಫಿ ಕೊಟ್ಟು, “ಪ್ರೌಡ್ ಪೇರೆಂಟ್” ಅಂತ ಬರೆದ ಬ್ಯಾಡ್ಜ್ ಚುಚ್ಚಿರಲಿಲ್ಲ. ಆ ಬ್ಯಾಡ್ಜು ಈಗಲೂ ದೇವರ ಗೂಡಿನಲ್ಲಿ ಶನಿಮಹಾತ್ಮನ ಪಟದ ಪಕ್ಕ ಇದೆ.

ಅಡಮಾನವಿಲ್ಲದೆ ಬ್ಯಾಂಕು ಕೊಡುವ ಶಿಕ್ಷಣ ಸಾಲ ಸಾಮಾನ್ಯವಾಗಿ ಏಳೂವರೆ ಲಕ್ಷದವರೆಗೆ. ಮಿಕ್ಕದ್ದಕ್ಕೆ ಅಡಿಕೆ ತೋಟ ಚೇಣಿಗೆ ಹೋಯಿತು. ಫೀಸಿನ ರಸೀದಿಯನ್ನು ಅಪ್ಪ ಪಹಣಿ ಇಟ್ಟ ಪ್ಲಾಸ್ಟಿಕ್ ಕವರಿನಲ್ಲೇ ಇಟ್ಟುಕೊಂಡಿದ್ದಾನೆ. ಒಂದು ಸಂಜೆ ಅದನ್ನು ನನ್ನ ಮುಂದೆ ಬಿಚ್ಚಿ, “ಇದ್ರಾಗೆ ಪಾಠ ಹೇಳೋದುಕ್ಕೆ ಯಾವ್ದು, ಮೇಷ್ಟ್ರೇ?” ಅಂದ. ಬೋಧನಾ ಶುಲ್ಕ ಇತ್ತು. ಅದರ ಕೆಳಗೆ ಸ್ಕಿಲ್ ಶುಲ್ಕ, ಪ್ಲೇಸ್‌ಮೆಂಟ್ ತರಬೇತಿ ಶುಲ್ಕ, ಬ್ಲೇಜರ್ ಶುಲ್ಕ, ವ್ಯಕ್ತಿತ್ವ ವಿಕಸನ ಶುಲ್ಕ. ಕೊನೆಯಲ್ಲಿ ಹಳೆಯ ವಿದ್ಯಾರ್ಥಿಗಳ ಸಂಘದ ಶುಲ್ಕ. “ಇನ್ನೂ ಒಳಿಕ್ಕೇ ಹೋಗಿಲ್ಲ, ಆಗ್ಲೇ ಹಳೇ ವಿದ್ಯಾರ್ಥಿನಾ?” ಎಂದು ಅವನು ಕೇಳಿದಾಗ, ನಾನು ಕನ್ನಡಕ ಒರೆಸಿಕೊಳ್ಳುವ ನೆಪ ಮಾಡಿದೆ.

ಇಲ್ಲೊಂದು ಕಾನೂನಿನ ಮಾತು ಹೇಳಲೇಬೇಕು. ನಮ್ಮ ದೇಶದಲ್ಲಿ ಲಾಭಕ್ಕಾಗಿ ವಿಶ್ವವಿದ್ಯಾಲಯ ನಡೆಸುವಂತಿಲ್ಲ. ಹಿಂದೆ ಟ್ರಸ್ಟೋ ಸೊಸೈಟಿಯೋ ಲಾಭರಹಿತ ಕಂಪನಿಯೋ ಇರಬೇಕು. ಫೀಸಿನ ಈ ಜಗಳದಲ್ಲಿ ನಮ್ಮ ತುಮಕೂರು ಜಿಲ್ಲೆಯದು ದೊಡ್ಡ ಹೆಸರು. 1989ರ ಸರ್ಕಾರಿ ಅಧಿಸೂಚನೆಯ ಪ್ರಕಾರ ಖಾಸಗಿ ಮೆಡಿಕಲ್ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಉಳಿದ ಹುಡುಗರಿಗೆ 25,000, ಹೊರರಾಜ್ಯದವರಿಗೆ 60,000ದವರೆಗೆ. ತುಮಕೂರಿನ ಕಾಲೇಜೊಂದಕ್ಕೆ ಸೇರಲು ಬಂದ ಮೀರತ್ತಿನ ಮೋಹಿನಿ ಜೈನ್ ಇದನ್ನು ಸುಪ್ರೀಂ ಕೋರ್ಟಿಗೆ ಒಯ್ದಳು. 1992ರಲ್ಲಿ ಕೋರ್ಟು ಕ್ಯಾಪಿಟೇಷನ್ ಶುಲ್ಕ ಸಲ್ಲದು ಅಂತ ತೀರ್ಪಿತ್ತಿತು. ಹತ್ತು ವರ್ಷ ಕಳೆದ ಮೇಲೆ, 2002ರಲ್ಲಿ, ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ 11 ನ್ಯಾಯಮೂರ್ತಿಗಳು ಕೂತು, ಲಾಭಕೋರತನ ಕೂಡದು, ಆದರೆ ಸಂಸ್ಥೆಯ ಬೆಳವಣಿಗೆಗೆ ಬೇಕಾದಷ್ಟು ಮಿಗುತಾಯ ಇರಬಹುದು ಎಂದರು. ಇದನ್ನೆಲ್ಲ ಬಿಡಿಸಿ ಹೇಳಿದಾಗ ಅಪ್ಪ ತುಂಬಾ ಹೊತ್ತು ಯೋಚನೆ ಮಾಡಿದ. “ಕಡ್ಲೆಕಾಯ್ನಾಗೆ ನಂಗೂ ಲಾಭ ಬರಾಕಿಲ್ಲ ಮೇಷ್ಟ್ರೇ. ಆ ಮಿಗ್ತಾಯ ಅನ್ನಾದು ಎಲ್ ಸಿಗ್ತೈತೆ, ಕೇಳಿ ಹೇಳ್ರಿ.”

ಅಮೆರಿಕದಲ್ಲಿ ಈ ಮುಚ್ಚುಮರೆ ಇಲ್ಲ. ಅಲ್ಲಿ ಷೇರುಪೇಟೆಯಲ್ಲೇ ವಿಶ್ವವಿದ್ಯಾಲಯದ ಷೇರು ಮಾರಿದ್ದಾರೆ. 1976ರಲ್ಲಿ ಹುಟ್ಟಿದ ಫೀನಿಕ್ಸ್ ವಿಶ್ವವಿದ್ಯಾಲಯ ಒಂದು ಕಾಲಕ್ಕೆ ನಾಲ್ಕು ಲಕ್ಷಕ್ಕೂ ಮೀರಿ ವಿದ್ಯಾರ್ಥಿಗಳನ್ನು ಗುಡ್ಡೆ ಹಾಕಿಕೊಂಡಿತ್ತು. ಅರಿಜೋನಾದ ಭಾರಿ ಫುಟ್‌ಬಾಲ್ ಕ್ರೀಡಾಂಗಣಕ್ಕೆ 2006ರಲ್ಲಿ ದುಡ್ಡು ಕೊಟ್ಟು ತನ್ನ ಹೆಸರಿಡಿಸಿತು. ಆಡಲು ಅದಕ್ಕೆ ತನ್ನದೊಂದು ತಂಡವೇ ಇರಲಿಲ್ಲ. ಅಲ್ಲಿನ ಸೆನೆಟ್ ಸಮಿತಿಯೊಂದು ಇಂಥ 30 ಕಂಪನಿಗಳ ಲೆಕ್ಕ ಜಾಲಾಡಿ 2012ರಲ್ಲಿ ವರದಿ ಕೊಟ್ಟಿತು: 2009ರ ಆದಾಯದಲ್ಲಿ ಜಾಹೀರಾತು ಮತ್ತು ಹುಡುಗರನ್ನು ಸೆಳೆಯುವುದಕ್ಕೆ ಶೇ. 22.7, ಲಾಭ ಶೇ. 19.4, ಪಾಠಕ್ಕೆ ಶೇ. 17.2. ನಮ್ಮ ಹುಡುಗನಿಗೆ ಈ ಅಂಕಿ ತೋರಿಸಿದೆ. “ಮಾರ್ಕೆಟಿಂಗ್ ಸ್ಟ್ರಾಂಗ್ ಇದೆ ಸರ್” ಅಂತ ಮೆಚ್ಚಿಕೊಂಡ.

ಶಿರಾದಿಂದ ತುಮಕೂರಿನವರೆಗೆ ಹೆದ್ದಾರಿ ಬದಿಯ ಹೋರ್ಡಿಂಗುಗಳಲ್ಲಿ ‘100% ಪ್ಲೇಸ್‌ಮೆಂಟ್’ ಎಂಬ ಅಕ್ಷರ ಆಳೆತ್ತರ, ಅದರ ಕೆಳಗೆ ‘ನೆರವು’ ಎಂಬ ಮಾತು ಇರುವೆಯೆತ್ತರ. ಟೀ ಅಂಗಡಿಯಲ್ಲಿ ಒಮ್ಮೆ ಇದರ ಲೆಕ್ಕ ಹೇಗೆ ಅಂತ ಅವನನ್ನು ಕೂರಿಸಿಕೊಂಡು ಕೇಳಿದೆವು. ಪಾಪ, ಪ್ರಾಮಾಣಿಕವಾಗಿಯೇ ಹೇಳಿದ. ಮೊದಲು ಬ್ಯಾಕ್‌ಲಾಗ್ ಇರುವವರನ್ನು ಲೆಕ್ಕದಿಂದ ತೆಗೆಯಬೇಕು. ಆಮೇಲೆ ಹತ್ತನೇ ಕ್ಲಾಸಿನಿಂದ ಶೇ. 60 ಇಲ್ಲದವರನ್ನು ತೆಗೆಯಬೇಕು. ಪ್ಲೇಸ್‌ಮೆಂಟಿಗೆ ಹೆಸರು ಬರೆಸದವರು, ಮುಂದೆ ಓದುತ್ತೇವೆ ಅಂದವರು, ಅವರನ್ನೂ ಬಿಡಬೇಕು. ಉಳಿದವರೇ ‘ಎಲಿಜಿಬಲ್’. ಅವರಲ್ಲಿ ಒಬ್ಬನಿಗೆ ಮೂರು ಕಡೆ ಆಫರ್ ಬಂದರೆ ಆಫರ್ ಮೂರು ಅಂತಲೇ ಬರೆಯುತ್ತಾರೆ. ಮೂಲೆಯಲ್ಲಿ ಬೀಡಿ ಹಚ್ಚುತ್ತಿದ್ದ ಕುರಿ ವ್ಯಾಪಾರಿ ಕಡ್ಡಿ ಆರಿಸಿ ಕೇಳಿದ: “ಕುಂಟಿದ್ದು, ಕಳದೋಗಿದ್ದು ಬಿಟ್ಟು, ದಪ್ಪಂದ ಮೂರ್ ಸಲ ಎಣ್ಸಿದ್ರೆ ನಂದೂ ನೂರಕ್ಕೆ ನೂರೇ. ಸಾಲ ಕೊಟ್ಟೋನು ಒಪ್ತಾನಾ, ಅದು ಹೇಳು.”

ಹೋರ್ಡಿಂಗಿನಲ್ಲಿ ಅತಿ ಹೆಚ್ಚು ಪ್ಯಾಕೇಜು ಗಿಟ್ಟಿಸಿದ ಹುಡುಗನ ಫೋಟೋ ಇರುತ್ತದೆ. ಅವನು ಯಾವೂರವನೋ, ಎಲ್ಲಿದ್ದಾನೋ, ಪ್ಲೇಸ್‌ಮೆಂಟಿಗೂ ಗೊತ್ತಿಲ್ಲ. “ಸೀನಿಯರ್ ಸರ್” ಅನ್ನುತ್ತಾನೆ, ಭಕ್ತಿಯಿಂದ. ಇತ್ತ ದೊಡ್ಡ ಐಟಿ ಕಂಪನಿಗಳು ಹೊಸಬರಿಗೆ ಕೊಡುವ ಸಂಬಳ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲಿ ಹತ್ತು ವರ್ಷದಿಂದ ಕೂತಲ್ಲೇ ಕೂತಿದೆ. ಅದೇ ಹತ್ತು ವರ್ಷದಲ್ಲಿ ಫೀಸು ಎಷ್ಟು ಎದ್ದು ಓಡಾಡಿದೆ ಅನ್ನುವುದನ್ನು ಅಪ್ಪನ ಪ್ಲಾಸ್ಟಿಕ್ ಕವರು ಬಲ್ಲದು.

ರಜೆಗೆ ಬಂದಾಗ ಅವನು ಮನೆಮಂದಿಗೆಲ್ಲ ಅಣಕು ಸಂದರ್ಶನ ಮಾಡುತ್ತಾನೆ. ಅಮ್ಮನಿಗೆ, “ನಿಮ್ಮ ವೀಕ್‌ನೆಸ್ ಏನು?” ಅವಳು, “ಮಂಡಿನೋವು ಕಣಪ್ಪ.” ಅಪ್ಪನಿಗೆ, “ಇನ್ನು ಐದು ವರ್ಷಕ್ಕೆ ನಿಮ್ಮನ್ನ ನೀವು ಎಲ್ಲಿ ನೋಡ್ತೀರಾ?” ಅಪ್ಪ ತೋಟದ ಕಡೆ ಕೈ ತೋರಿಸಿ, “ಬೋರಾಗೆ ನೀರಿದ್ರೆ ಇಲ್ಲೇ. ಇಲ್ದಿದ್ರೆ ನಿನ್ ರೂಮ್ನಾಗೆ.” ಹುಡುಗ ಬೆಚ್ಚಿಬಿದ್ದ. ಅದು ಅವನ ಉತ್ತರಪಟ್ಟಿಯಲ್ಲಿರಲಿಲ್ಲ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಅವನು ಆರಿಸಿಕೊಂಡದ್ದು ಊರಿನ ವಿಷಯವನ್ನೇ ಎಂಬುದನ್ನು ನಾನು ಮೆಚ್ಚುತ್ತೇನೆ. ನಮ್ಮ ಕಾಡನ್ನು 2019ರಲ್ಲಿ ಬುಕ್ಕಾಪಟ್ಟಣ ಚಿಂಕಾರ ವನ್ಯಧಾಮ ಅಂತ ಸರ್ಕಾರ ಘೋಷಿಸಿತು. ಚಿಂಕಾರ ಅಂದರೆ ಸಣ್ಣ ಹುಲ್ಲೆ, ಬಲು ನಾಚಿಕೆಯ ಪ್ರಾಣಿ. ನಾನು ಅದನ್ನು ಚೆನ್ನಾಗಿ ನೋಡಿರುವುದು ಬೋರ್ಡಿನ ಮೇಲೆ. ಕೃತಕ ಬುದ್ಧಿಮತ್ತೆಯಿಂದ ಚಿಂಕಾರ ಗುರುತಿಸಿ ಎಣಿಸುವುದು ಇವನ ಯೋಜನೆ. ಪ್ರೋಗ್ರಾಮನ್ನು ಬೆಂಗಳೂರಿನ ಪ್ರಾಜೆಕ್ಟ್ ಸೆಂಟರಿನಲ್ಲಿ ಕೊಂಡು ತಂದಿದ್ದ, ಫೋಟೋಗಳನ್ನು ಇಂಟರ್‌ನೆಟ್ಟಿನಿಂದ ತುಂಬಿದ್ದ. ಹಿತ್ತಲಲ್ಲಿ ಪ್ರಾತ್ಯಕ್ಷಿಕೆ. ಅಜ್ಜಿಯ ಕಂದು ಮೇಕೆ ಬೇಲಿಯ ಸೊಪ್ಪು ಎಳೆಯುತ್ತಿತ್ತು. ಫೋನು ಹಿಡಿದ. ಮೇಕೆಯ ಸುತ್ತ ಹಸಿರು ಚೌಕ ಮೂಡಿತು: ‘ಚಿಂಕಾರ, 94%’. ಅವನು ಮೆಲ್ಲಗೆ ಫೋನನ್ನು ಆಚೆ ತಿರುಗಿಸಿದ. ಅಲ್ಲಿ ಅಪ್ಪ ಕೂತಿದ್ದ. ಚೌಕ ಒಂದು ಕ್ಷಣ ತಡವರಿಸಿ ಅಪ್ಪನ ಮೇಲೂ ಕೂತಿತು. ಪುಣ್ಯಕ್ಕೆ 61%.

ಅಜ್ಜಿಗೆ ಮಾತ್ರ ಗಾಬರಿ. “ಆ ಫೋನ್ ಒಳಗಿಡ್ಲಾ! ಫಾರೆಸ್ಟ್ನೋರು ನೋಡಿದ್ರೆ ನನ್ ಮೇಕೆ ಹೊಡ್ಕಂಡೋಗ್ತಾರೆ.”

ಆ ಪ್ರಾಜೆಕ್ಟಿಗೆ ಅವನಿಗೆ ಒಳ್ಳೆ ಗ್ರೇಡೇ ಬಂತು. ಹಾಗಂತ ಹುಡುಗ ದಡ್ಡನಲ್ಲ. ತೋಟದ ಮೋಟಾರಿನ ಸ್ಟಾರ್ಟರನ್ನು ಮೊಬೈಲಿಂದ ಆನ್ ಮಾಡುವಂತೆ ಅವನೇ ಕೂತು ಜೋಡಿಸಿದ್ದಾನೆ. ರಾತ್ರಿ ಮೂರಕ್ಕೆ ಕರೆಂಟು ಬಂದರೂ ಅಪ್ಪ ಈಗ ಕಂಬಳಿಯೊಳಗಿಂದಲೇ ನೀರು ಬಿಡುತ್ತಾನೆ. ಇದನ್ನು ರೆಸ್ಯೂಮಿನಲ್ಲಿ ಹಾಕು ಅಂದರೆ ಒಪ್ಪಲಿಲ್ಲ. “ಅದು ಮನೆ ಕೆಲಸ ಸರ್, ಸರ್ಟಿಫಿಕೇಟ್ ಇಲ್ಲ.”

ಕೊನೆಗೊಂದು ದಿನ ಊರಿಗೆ ಪೇಡ ಬಂತು. ಪ್ಲೇಸ್‌ಮೆಂಟಿಗೆ ಪ್ಲೇಸ್‌ಮೆಂಟ್ ಆಗಿತ್ತು! ಡೇರಿಯಲ್ಲಿ, ಟೀ ಅಂಗಡಿಯಲ್ಲಿ, ಬ್ಯಾಂಕಿನ ಕ್ಯೂನಲ್ಲಿ ಅದೇ ಮಾತು. ಯಾವ ಕಂಪನಿ ಅಂತ ಕೇಳಿದರೆ ಹುಡುಗ ಟೈ ಸರಿಮಾಡಿಕೊಂಡ. ಅವನ ವಿಶ್ವವಿದ್ಯಾಲಯವೇ ಅವನನ್ನು ಇಟ್ಟುಕೊಂಡಿದೆ. ಹುದ್ದೆ, ಅಡ್ಮಿಷನ್ ಕೌನ್ಸೆಲರ್. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಅವನ ಏರಿಯಾ. ಇಷ್ಟು ಅಡ್ಮಿಷನ್ ಅಂತ ತಿಂಗಳ ಟಾರ್ಗೆಟ್. ಅದರ ಮೇಲೆ ಪ್ರತಿ ಸೀಟಿಗೆ ಇನ್ಸೆಂಟಿವ್. ಸೆಕೆಂಡ್ ಪಿಯುಸಿ ಮಕ್ಕಳ ಫೋನ್ ನಂಬರ್ ಎಲ್ಲಿಂದ ಬರುತ್ತದೆ ಅಂತ ನಾನು ಕೇಳಿದೆ. “ಡೇಟಾ ಸರ್” ಎಂದಷ್ಟೇ ಹೇಳಿ, ಅರ್ಚಕರು ಗರ್ಭಗುಡಿಯ ಕಡೆ ನೋಡುವ ಹಾಗೆ ಲ್ಯಾಪ್‌ಟಾಪಿನ ಕಡೆ ನೋಡಿದ.

ಮೊದಲ ತಿಂಗಳ ಕೊನೆಗೆ ಮೂರು ಸೀಟು ಕಡಿಮೆ ಬಿದ್ದವು. ಸಂಜೆ ಊಟದ ಹೊತ್ತಿಗೆ ಅವನು ತಂಗಿಯನ್ನೇ ಬಹಳ ಹೊತ್ತು ದಿಟ್ಟಿಸಿದನಂತೆ. ಅವಳು ಸೆಕೆಂಡ್ ಪಿಯುಸಿ. “ಹುಷಾರ್ ಹುಡ್ಗಿ, ಬ್ರೈಟ್ ಫ್ಯೂಚರ್ ಇದೆ. ಸ್ಕಾಲರ್‌ಶಿಪ್ ಆಫರ್ ಭಾನುವಾರಕ್ಕೆ ಮುಗಿಯುತ್ತೆ” ಅಂದ.

ಅಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಲಿಲ್ಲ. “ಇವ್ಳನ್ನ ಸೇರಿಸಿದ್ರೆ ನಿಂಗೆ ಕಮಿಷನ್ ಬತ್ತದೇನ್ಲಾ?”

“ಸ್ವಂತ ಫ್ಯಾಮಿಲಿಗೆ ಇನ್ಸೆಂಟಿವ್ ಕೊಡಲ್ಲಪ್ಪ. ರೂಲ್ಸ್ ಇಲ್ಲ.”

“ಮತ್ತೆ?”

“ಸಿಬ್ಲಿಂಗ್ ಡಿಸ್ಕೌಂಟ್ ಇದೆ. ಬ್ಲೇಜರ್ ಫ್ರೀ.”

ಅಪ್ಪ ಸಾರು ಕಲಸಿಕೊಂಡು ಅಂದ: “ಬ್ಲೇಜರ್ ಯಾಕೆ, ನಿಂದೇ ಐತಲ್ಲ. ಅದ್ನ ವಾಪಸ್ ಕೊಟ್ರೆ ಎಷ್ಟು ಬಿಡ್ತಾರೆ ಕೇಳು.”