ಪರವೂರಲ್ಲಿ ಸಿಕ್ಕ ಒಂದು ಅಂಕ

ಫುಟ್‌ಬಾಲಿನ ಗೋಲುಗಳಲ್ಲಿ ಹಲವು ಜಾತಿಗಳಿವೆ. ಎದುರಾಳಿಯ ಊರಿನಲ್ಲಿ, ಆಟ ಮುಗಿಯಲು ನಾಲ್ಕೈದು ನಿಮಿಷ ಉಳಿದಿರುವಾಗ, ಅಲ್ಲಿಯವರೆಗೆ ಸೋಲುತ್ತಿದ್ದ ತಂಡ ಹೊಡೆಯುವ ಸಮಬಲದ ಗೋಲು ಅವುಗಳಲ್ಲೆಲ್ಲ ವಿಲಕ್ಷಣವಾದದ್ದು. ಅದು ಯಾರನ್ನೂ ಗೆಲ್ಲಿಸುವುದಿಲ್ಲ. ಆದರೂ ಅದನ್ನು ಕಂಡವರು ಕುಣಿದಷ್ಟು ಗೆದ್ದವರೂ ಕುಣಿಯುವುದಿಲ್ಲ. ಗೆಲುವಿಗೆ ಎರಡರ ಬದಲು ಮೂರು ಅಂಕ ಕೊಡುವ ಪದ್ಧತಿಯನ್ನು ಇಂಗ್ಲೆಂಡ್ 1981ರಲ್ಲಿ ತಂದಿತು. ವಿಶ್ವಕಪ್ಪಿಗೆ ಅದು 1994ರಲ್ಲಿ ಬಂತು. ಅಂದಿನಿಂದ ಈ ಗೋಲಿನ ಲೆಕ್ಕವೂ ಕೆಟ್ಟಿದೆ. ಗೋಲು ಬೀಳುವ ಮುನ್ನ ಮೈದಾನದಲ್ಲಿ ಒಟ್ಟು ಮೂರು ಅಂಕ, ಮೂರೂ ಮನೆಯವರವು. ಬಿದ್ದ ಮೇಲೆ ಉಳಿಯುವುದು ಎರಡೇ. ಮನೆಯವರು ಎರಡು ಕಳೆದುಕೊಂಡರು, ಬಂದವರಿಗೆ ಒಂದು ಸಿಕ್ಕಿತು. ಮಿಕ್ಕ ಒಂದು ಯಾರ ಖಾತೆಗೆ ಹೋಯಿತು ಎಂದು ಯಾವ ಲೆಕ್ಕಪರಿಶೋಧಕನೂ ಇದುವರೆಗೆ ಕೇಳಿಲ್ಲ.

ಈ ಗೋಲಿನ ಅಧ್ಯಯನಕ್ಕೆ ಮಲೇಷ್ಯಾದ ಮೆಲಾಕಾ ಯೋಗ್ಯವಾದ ಸ್ಥಳ. ಐತಿಹ್ಯವನ್ನು ನಂಬುವುದಾದರೆ ಊರು ಹುಟ್ಟಿದ್ದೇ ಒಂದು ಒದೆತದಿಂದ. ಸುಮಾರು 1400ರಲ್ಲಿ, ಇದ್ದ ನೆಲೆ ಕಳೆದುಕೊಂಡು ಬಂದ ಪರಮೇಶ್ವರನೆಂಬ ದೊರೆ ಇಲ್ಲಿನ ನದಿಯ ದಡದಲ್ಲಿ ಮರದಡಿ ಕುಳಿತಿದ್ದ. ಅವನ ಬೇಟೆನಾಯಿ ಅಟ್ಟಿಸಿಕೊಂಡು ಹೋದ ಕಂಚಿಲ್, ಅಂದರೆ ಮೊಲದ ಗಾತ್ರದ ಇಲಿಜಿಂಕೆ, ಇನ್ನೇನು ಸಿಕ್ಕಿತು ಎನ್ನುವಾಗ ಹಿಂತಿರುಗಿ ನಾಯಿಯನ್ನು ಒದ್ದು ನೀರಿಗೆ ಕೆಡವಿತು. ಪರಮೇಶ್ವರನಿಗೆ ತನ್ನ ನಾಯಿ ಸೋತ ಸಂಕಟಕ್ಕಿಂತ ಆ ಪುಟ್ಟ ಪ್ರಾಣಿಯ ಕೆಚ್ಚಿನ ಮೇಲಿನ ಮೆಚ್ಚುಗೆಯೇ ಹೆಚ್ಚಾಗಿ, ಅಲ್ಲೇ ಊರು ಕಟ್ಟಿದನಂತೆ. ಮೆಲಾಕಾದ ರಾಜ್ಯಲಾಂಛನದಲ್ಲಿ ಇಂದಿಗೂ ಕಂಚಿಲ್ ನಿಂತಿದೆ. ಎದುರಾಳಿಯ ಒದೆತಕ್ಕೆ ತಲೆದೂಗಿದ ಮೊದಲ ಮೆಲಾಕಾದವನು ಪರಮೇಶ್ವರ. ಸದ್ಯಕ್ಕೆ ಕೊನೆಯವನೂ ಅವನೇ ಎನ್ನಬೇಕು.

ಹೊರಗಿನವರು ಬಂದು ಗೋಲು ಹೊಡೆಯುವುದೂ ಈ ಊರಿಗೆ ಹೊಸದಲ್ಲ. ನಮ್ಮ ಹೊನ್ನಾವರದ ತಿಮ್ಮಯ್ಯನ, ಪೋರ್ಚುಗೀಸರ ಬಾಯಲ್ಲಿ ತಿಮೋಜನ, ನೆರವು ಪಡೆದು 1510ರಲ್ಲಿ ಗೋವಾ ಹಿಡಿದ ಅಲ್ಬುಕರ್ಕ್ ಮರುವರ್ಷವೇ ಹಡಗು ಹತ್ತಿ ಇಲ್ಲಿಗೆ ಬಂದ. ಜುಲೈ ತಿಂಗಳ ಮೊದಲ ದಾಳಿಯಲ್ಲಿ ಹಿಂದೆ ಸರಿದು, ಆಗಸ್ಟಿನ ಎರಡನೆಯದರಲ್ಲಿ ಊರು ಗೆದ್ದ. ಸುಲ್ತಾನನ ಸಂಪತ್ತನ್ನೆಲ್ಲ ‘ಫ್ಲೋರ್ ಡಿ ಲಾ ಮಾರ್’ ಎಂಬ ಹಡಗಿಗೆ ತುಂಬಿ ಹೊರಟ. ನವೆಂಬರ್‌ನಲ್ಲಿ ಸುಮಾತ್ರಾದ ಕರಾವಳಿಯ ಬಳಿ ಹಡಗು ಬಿರುಗಾಳಿಗೆ ಸಿಕ್ಕಿ ಮುಳುಗಿತು. ಅಲ್ಬುಕರ್ಕ್ ಬದುಕಿದ, ಸಂಪತ್ತು ತಳ ಸೇರಿತು. ಮೆಲಾಕಾದ ಪರವಾಗಿ ಸಮುದ್ರವೇ ಕೊನೆಗಳಿಗೆಯಲ್ಲಿ ಹೊಡೆದ ಸಮಬಲದ ಗೋಲು ಅದು. ಅದೂ ಪರಸ್ಥಳದಲ್ಲಿ.

ಫುಟ್‌ಬಾಲು ಬಂದದ್ದು ಬ್ರಿಟಿಷರ ಜೊತೆಗೆ. 1921ರಲ್ಲಿ ‘ಮಲಯ’ ಎಂಬ ಯುದ್ಧನೌಕೆಯವರು ಕೊಟ್ಟ ಬಟ್ಟಲಿಗಾಗಿ ಈ ಭಾಗದ ರಾಜ್ಯಗಳು ಆಡಲು ಶುರು ಮಾಡಿದವು. ಅದೇ ಇಂದಿನ ಮಲೇಷ್ಯಾ ಕಪ್. ಇಲ್ಲಿನ ಆಟ ಮೊದಲಿನಿಂದಲೂ ಊರಿಗೂ ಊರಿಗೂ ನಡುವಿನದು. ಆದ್ದರಿಂದ ಪರಸ್ಥಳಕ್ಕೆ ಹೋಗಿ ಕೂಗುವ ಅಭಿಮಾನಿಯ ತಳಿಯೂ ಹಳೆಯದು. ಮೆಲಾಕಾದ ಈಗಿನ ದೊಡ್ಡ ಮೈದಾನ ಕ್ರುಬೊಂಗ್‌ನಲ್ಲಿದೆ, ಸುಮಾರು 40,000 ಜನ ಹಿಡಿಸುತ್ತದೆ. ಅದಕ್ಕಿಟ್ಟಿರುವುದು ಹಾಂಗ್ ಜೆಬಾತ್‌ನ ಹೆಸರು. ಗೆಳೆಯ ಹಾಂಗ್ ತುವಾಗೆ ಅನ್ಯಾಯವಾಯಿತೆಂದು ಸುಲ್ತಾನನ ಮೇಲೆ ತಿರುಗಿಬಿದ್ದವನು ಜೆಬಾತ್. ಸತ್ತನೆಂದುಕೊಂಡಿದ್ದ ತುವಾ ಬದುಕಿದ್ದ; ಸುಲ್ತಾನನ ಅಪ್ಪಣೆಯಂತೆ ಬಂದು, ಮಾಯದ ಕಠಾರಿ ‘ತಾಮಿಂಗ್ ಸಾರಿ’ಯನ್ನು ಉಪಾಯದಿಂದ ಕಸಿದುಕೊಂಡು, ಗೆಳೆಯನನ್ನೇ ಇರಿದ. ಗೆದ್ದೆನೆಂದುಕೊಂಡವನ ಕೈಯಿಂದ ಕೊನೆಯಲ್ಲಿ ಆಯುಧ ಜಾರುವ ಕಥೆಯವನ ಹೆಸರನ್ನು ತಮ್ಮ ತಂಡದ ತವರಿಗೆ ಇಟ್ಟುಕೊಂಡವರು ಧೈರ್ಯವಂತರೇ ಸರಿ.

ಮೈದಾನದಲ್ಲಿ ಬಂದವರ ಜಾಗ ಒಂದು ಮೂಲೆ. ಸುತ್ತ ಓಟದ ಪಥ ಇರುವುದರಿಂದ ಆಟ ಇನ್ನಷ್ಟು ದೂರ. ಆಚೆ ತುದಿಯ ಗೋಲುಕಂಬದ ಬಳಿ ಏನಾಯಿತೆಂದು ತಿಳಿಯಲು ಈ ಮೂಲೆಯವರು ಬಹುಮಟ್ಟಿಗೆ ಇತರರ ಮುಖವನ್ನೇ ನೋಡಬೇಕು. ನಲವತ್ತು ಸಾವಿರ ಜನ ಎದ್ದು ಕೂಗಿದರೆ ಕೆಟ್ಟ ಸುದ್ದಿ. ತಲೆ ಹಿಡಿದುಕೊಂಡರೆ ಶುಭವಾರ್ತೆ. ಎದೆಗುಂದಬಾರದೆಂದು ಡೋಲು ಬಡಿಯುವವರನ್ನು ಜೊತೆಗೆ ತಂದಿರುತ್ತಾರೆ. ಎಂಬತ್ತನೇ ನಿಮಿಷದ ಹೊತ್ತಿಗೆ ಡೋಲಿನವನೊಬ್ಬನೇ ಆಸೆ ಬಿಡದವನು. ಅದೂ ಬಡಿಯುತ್ತಿರುವುದರಿಂದ ಯೋಚಿಸಲು ಅವನಿಗೆ ಬಿಡುವಿಲ್ಲ ಎಂಬ ಕಾರಣಕ್ಕೆ.

ಎಂಬತ್ತನೇ ನಿಮಿಷದಿಂದ ಮೈದಾನದಲ್ಲಿ ಒಂದು ವಲಸೆ ಶುರುವಾಗುತ್ತದೆ. ಇಲ್ಲಿನ ಪಂದ್ಯಗಳು ರಾತ್ರಿ ಒಂಬತ್ತರ ಆಸುಪಾಸಿಗೆ ಆರಂಭವಾಗುವುದರಿಂದ ಆಗ ಗಂಟೆ ಹನ್ನೊಂದರ ಹತ್ತಿರ. ಒಂದು ಗೋಲಿನ ಮುನ್ನಡೆಯಲ್ಲಿರುವ ಮನೆಯವರಲ್ಲಿ ದೂರದೃಷ್ಟಿ ಉಳ್ಳವರು ವಾಹನ ದಟ್ಟಣೆ ತಪ್ಪಿಸಿಕೊಳ್ಳಲು ಏಳುತ್ತಾರೆ. ಇವರು ಪ್ರಪಂಚದ ಎಲ್ಲ ಮೈದಾನಗಳಲ್ಲೂ ಇದ್ದಾರೆ; ಮದುವೆಮನೆಯಲ್ಲಿ ಮೊದಲ ಪಂಕ್ತಿಗೆ ಕೂತು, ಪಾಯಸ ಬರುವ ಮುನ್ನವೇ ಕೈತೊಳೆಯುವವರ ಪಂಗಡ. ಬಂದವರಿಗೆ ಈ ಸೌಲಭ್ಯವಿಲ್ಲ. ಬಸ್ಸು ಆಟ ಮುಗಿದ ಮೇಲೆಯೇ ಹೊರಡುವುದು, ಡ್ರೈವರ್ ಎಲ್ಲಿ ಮಲಗಿದ್ದಾನೋ ಗೊತ್ತಿಲ್ಲ; ಹಲವು ದೇಶಗಳಲ್ಲಿ ಮನೆಯವರು ಚದುರುವ ತನಕ ಪೊಲೀಸರೂ ಇವರನ್ನು ಬಿಡುವುದಿಲ್ಲ. ಕೊನೆಯವರೆಗೂ ತಂಡವನ್ನು ನಂಬಿ ನಿಂತ ಅಭಿಮಾನಿ ಎಂದು ಹಾಡಿ ಹೊಗಳಿಸಿಕೊಳ್ಳುವವನ ನಿಷ್ಠೆಯಲ್ಲಿ ಬೀಗ ಹಾಕಿದ ಬಸ್ಸಿನ ಪಾಲೂ ದೊಡ್ಡದಿದೆ.

ಗೋಲು ಬೀಳುತ್ತದೆ. ಹಲವು ಲೀಗುಗಳ ಲೆಕ್ಕದ ಪ್ರಕಾರ ಕಡೆಯ ಹದಿನೈದು ನಿಮಿಷಗಳಲ್ಲೇ ಗೋಲು ಹೆಚ್ಚು. ರಕ್ಷಣೆಯವರ ಕಾಲು ಸೋತಿರುತ್ತದೆ. ಸೋಲುವವರು ಗೋಲಿಯೊಬ್ಬನನ್ನು ಬಿಟ್ಟು ಉಳಿದವರನ್ನೆಲ್ಲ ಮುಂದಕ್ಕೆ ಅಟ್ಟಿರುತ್ತಾರೆ. ಒಮ್ಮೊಮ್ಮೆ ಕಾರ್ನರ್ ಕಿಕ್ಕಿಗೆ ಗೋಲಿಯೂ ಹೋಗಿರುತ್ತಾನೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುವುದರಿಂದ ಚೆಂಡು ಬಲೆಗೆ ಬಿದ್ದದ್ದು ಕಂಡು, ಅರ್ಧ ಸೆಕೆಂಡ್ ಕಳೆದು ಆಚೆ ತುದಿಯ ನಿಟ್ಟುಸಿರು ಕೇಳುತ್ತದೆ. ಆ ಅರ್ಧ ಸೆಕೆಂಡಿನಲ್ಲಿ ಅನುಭವಸ್ಥ ಅಭಿಮಾನಿ ಗೋಲನ್ನು ನೋಡುವುದಿಲ್ಲ, ಲೈನ್ಸ್‌ಮನ್ನನ ಬಾವುಟವನ್ನು ನೋಡುತ್ತಾನೆ. ಬಾವುಟ ಏಳದಿದ್ದರೆ ಮುಂದಿನದು ದೇಹದ ಕೆಲಸ. ಗುರುತಿಲ್ಲದವರ ಕೊರಳಿಗೆ ಬೀಳುವುದು, ಮೂರು ಮೆಟ್ಟಿಲು ಕೆಳಕ್ಕೆ ಉರುಳಿದರೂ ನೋವಾಗದಿರುವುದು, ಕನ್ನಡಕ ಕಳೆದದ್ದು ಮರುದಿನ ಗೊತ್ತಾಗುವುದು, ತೇಹ್ ತಾರಿಕ್ ಚಹಾದ ಪ್ಲಾಸ್ಟಿಕ್ ಚೀಲ ಮುಂದಿನ ಸಾಲಿನವರ ತಲೆಯ ಮೇಲೆ ಒಡೆದು, ಅವರು ಅದಕ್ಕೂ ಧನ್ಯವಾದ ಹೇಳುವುದು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎಂದ ನಮ್ಮ ಹಿರಿಯರು ಬಹುಶಃ ಇಂಥ ಮೂಲೆಯೊಂದನ್ನು ಕಂಡಿದ್ದರು. ಗೆದ್ದವನಿಗೆ ತಾನು ಗೆಲ್ಲಬೇಕಾದವನೇ ಎಂಬ ಅನುಮಾನ ಒಳಗಿರುತ್ತದೆ, ಅವನ ಕುಣಿತಕ್ಕೆ ಗಾಂಭೀರ್ಯದ ಅಂಕೆಯಿದೆ. ಸೋಲನ್ನು ಆಗಲೇ ಅರ್ಧ ನುಂಗಿ, ನಾಳೆ ಕಚೇರಿಯಲ್ಲಿ ಹೇಳಬೇಕಾದ ಸಮಜಾಯಿಷಿಯನ್ನೂ ಹೊಂದಿಸಿಕೊಂಡಿದ್ದವನಿಗೆ ಅಂಕೆ ಎಲ್ಲಿಯದು?

ಇವರಲ್ಲಿ ಅತ್ಯಂತ ಕಷ್ಟ ಅಜ್ಞಾತವಾಸಿಗಳದು. ಮೂಲೆಯ ಟಿಕೆಟ್ ಸಿಗದೆಯೋ, ಮೆಲಾಕಾದ ಮಾವನ ಮನೆಯವರ ಜೊತೆ ಬಂದದ್ದರಿಂದಲೋ, ಮನೆಯವರ ನಡುವೆಯೇ ಕುಳಿತ ಪರವೂರ ಅಭಿಮಾನಿ ಈ ವರ್ಗಕ್ಕೆ ಸೇರಿದವನು. ವಿರಾಟನ ಅಡುಗೆಮನೆಯಲ್ಲಿ ಭೀಮ ಸೌಟು ಹಿಡಿದು ತೋಳು ಬಿಗಿಹಿಡಿದಷ್ಟೇ ಬಿಗಿಯಾಗಿ ಇವನು ತುಟಿ ಹಿಡಿದಿರಬೇಕು. ಗೋಲು ಬಿದ್ದಾಗ ಅವನಿಗೆ ಕೆಮ್ಮು ಬರುತ್ತದೆ. ಬೂಟಿನ ದಾರ ಬಿಚ್ಚಿಕೊಳ್ಳುತ್ತದೆ. ಬಗ್ಗಿ ಕಟ್ಟುತ್ತ ಬಹಳ ಹೊತ್ತು ತಲೆ ಎತ್ತುವುದಿಲ್ಲ. ಪಕ್ಕದವರು ‘ಅಯ್ಯೋ’ ಎಂದಾಗ ತಾನೂ ‘ಅಯ್ಯೋ’ ಎನ್ನುತ್ತಾನೆ, ಸ್ವರ ಮಾತ್ರ ಮಂಗಳಾರತಿಯದು. ಭೀಮನಿಗಾದರೆ ಒಂದು ವರ್ಷದ ಅವಧಿಯೆಂದು ಗೊತ್ತಿತ್ತು. ಇವನು ಊಟ ಮುಗಿಯುವವರೆಗೂ, ಮಾವ ರೆಫರಿಯ ವಂಶಾವಳಿ ಬಿಡಿಸಿ ಮುಗಿಸುವವರೆಗೂ ಕಾಯಬೇಕು.

ಮನೆಯವರ ಕಡೆ ಮೊದಲು ಮೌನ, ಆಮೇಲೆ ಸಂಶೋಧನೆ. ಕೋಚ್ ಏಕೆ ಎಪ್ಪತ್ತನೇ ನಿಮಿಷದಲ್ಲೇ ಹಿಮ್ಮೆಟ್ಟಿ ಆಡಿಸಿದ, ಆ ಕಾರ್ನರನ್ನು ಏಕೆ ಬಿಟ್ಟುಕೊಟ್ಟರು, ನಾಲ್ಕು ನಿಮಿಷ ಹೆಚ್ಚುವರಿ ಎಲ್ಲಿಂದ ಬಂತು. ಹಿರಿಯರಾದವರು ಇನ್ನೊಂದು ಪ್ರಶ್ನೆಯನ್ನು ದನಿ ತಗ್ಗಿಸಿ ಕೇಳುತ್ತಾರೆ. 1994ರಲ್ಲಿ ಮಲೇಷ್ಯಾದ ಲೀಗಿನಲ್ಲಿ ಪಂದ್ಯ ಮಾರಾಟದ ಹಗರಣ ಬಯಲಾಗಿ ಅನೇಕ ಆಟಗಾರರು ನಿಷೇಧಕ್ಕೊಳಗಾದರು. ಆ ಕಾಲ ಕಂಡವರಿಗೆ ಕೊನೆಗಳಿಗೆಯ ಯಾವ ಗೋಲೂ ಬರೀ ಗೋಲಲ್ಲ. ಮೆಲಾಕಾದವರಿಗೆ ಕಹಿ ನುಂಗಿ ಅಭ್ಯಾಸವಿದೆ. 2016ರಲ್ಲಿ ಎರಡನೇ ದರ್ಜೆಯ ಲೀಗು ಗೆದ್ದು ಮೇಲೇರಿದ ಅವರ ಮೆಲಾಕಾ ಯುನೈಟೆಡ್‌ಗೆ, ಬಾಕಿ ಸಂಬಳದ ತಗಾದೆಯಿಂದಾಗಿ 2023ರ ಲೀಗಿನ ಪರವಾನಗಿಯೇ ಸಿಗಲಿಲ್ಲ. ಅದರ ಮುಂದೆ ಎಂಬತ್ತೆಂಟನೇ ನಿಮಿಷದ ಗೋಲು ಯಾವ ಲೆಕ್ಕ ಎಂದು ಸಮಾಧಾನಪಟ್ಟುಕೊಳ್ಳಬಹುದಿತ್ತು. ಯಾರೂ ಪಟ್ಟುಕೊಳ್ಳುವುದಿಲ್ಲ.

ಮನೆಯವರ ಮೌನ ಎಷ್ಟು ದಟ್ಟವಾಗಬಹುದೆಂದು ಬೆಂಗಳೂರಿನವರಿಗೆ ಚೆನ್ನಾಗಿ ಗೊತ್ತು. 2015ರ ಮೇ 31, ಕಂಠೀರವ ಕ್ರೀಡಾಂಗಣ, ಐ-ಲೀಗಿನ ಕೊನೆಯ ದಿನ. ಹಿಂದಿನ ವರ್ಷದ ಚಾಂಪಿಯನ್ ಬೆಂಗಳೂರು ಎಫ್‌ಸಿಗೆ ಗೆಲುವೇ ಬೇಕು. ಮೋಹನ್ ಬಾಗಾನಿಗೆ ಡ್ರಾ ಸಾಕು. ಮೊದಲರ್ಧದಲ್ಲಿ ಜಾನ್ ಜಾನ್ಸನ್ ಗೋಲಿನಿಂದ ಬೆಂಗಳೂರು ಮುಂದಿತ್ತು. ಮುಗಿಯಲು ಕೆಲವೇ ನಿಮಿಷಗಳಿರುವಾಗ ಸೋನಿ ನಾರ್ಡೆ ಕಾರ್ನರ್ ಒದ್ದ, ಬೆಲ್ಲೋ ರಜಾಕ್ ತಲೆ ಕೊಟ್ಟ, 1-1. ಬಾಗಾನಿಗೆ 39 ಅಂಕ, ಬೆಂಗಳೂರಿಗೆ 37, ಹದಿಮೂರು ವರ್ಷಗಳ ಬಳಿಕ ಕಪ್ಪು ಕೋಲ್ಕತ್ತಾದ ಗಂಗೆಯ ದಡಕ್ಕೆ. ಪರಸ್ಥಳದಲ್ಲಿ ಡ್ರಾ ಮಾಡಿಕೊಂಡು ಇಡೀ ದೇಶದ ಚಾಂಪಿಯನ್ ಆದ ಬಂಗಾಳಿಗಳು ಹಸಿರು-ಮರೂನ್ ಬಾವುಟ ಹೊದ್ದು ಅತ್ತರು. ಕಂಠೀರವದ ಪಶ್ಚಿಮದ ಸಾಲುಗಳಲ್ಲಿದ್ದ ನೀಲಿ ಅಂಗಿಯವರೂ ಅತ್ತರು. ಫಲಿತಾಂಶ ಸಮಬಲ, ಅಳುವೂ ಸಮಬಲ. ದೂರದಿಂದ ನೋಡಿದವರಿಗೆ ಯಾರು ಯಾಕೆ ಅಳುತ್ತಿದ್ದಾರೆಂದು ಬಟ್ಟೆಯ ಬಣ್ಣದಿಂದ ಮಾತ್ರ ತಿಳಿಯುವಂತಿತ್ತು.

ಗೋಲಿನ ನಂತರ ಉಳಿದ ನಿಮಿಷಗಳ ವಿಚಾರ ಬೇರೆಯೇ. ಎರಡು ಗಳಿಗೆ ಮುಂಚೆ ಒಂದಂಕಕ್ಕೆ ದೇವರಿಗೆ ಹರಕೆ ಹೊತ್ತವನು ಈಗ ಮೂರಂಕ ಏಕೆ ಬರಬಾರದು ಎನ್ನುತ್ತಾನೆ. ಇಂಥ ದುರಾಸೆಗೆ ಮದ್ದಾಗಿ 1948ರ ಲಂಡನ್ ಒಲಿಂಪಿಕ್ಸನ್ನು ನೆನೆಯಬಹುದು. ಜುಲೈ 31ರಂದು ಬಹುತೇಕ ಬರಿಗಾಲಲ್ಲಿ ಫ್ರಾನ್ಸಿನ ವಿರುದ್ಧ ಆಡಿದ ಭಾರತ ಒಂದು ಗೋಲಿನಿಂದ ಹಿಂದಿತ್ತು. ಬೆಂಗಳೂರಿನ ಸಾರಂಗಪಾಣಿ ರಾಮನ್ 70ನೇ ನಿಮಿಷದಲ್ಲಿ ಅದನ್ನು ಸರಿಗಟ್ಟಿದರು. ಸಿಕ್ಕಿದ್ದ ಎರಡು ಪೆನಾಲ್ಟಿಗಳೂ ವ್ಯರ್ಥವಾದವು. 89ನೇ ನಿಮಿಷದಲ್ಲಿ ಫ್ರಾನ್ಸ್ ಇನ್ನೊಂದು ಹೊಡೆದು ಪಂದ್ಯ ಮುಗಿಸಿತು. ಸಮಬಲದ ಗೋಲನ್ನು ಇಪ್ಪತ್ತು ನಿಮಿಷ ಮೊದಲೇ ಹೊಡೆಯುವುದು ಆಟಗಾರನ ದೃಷ್ಟಿಯಿಂದ ಶ್ಲಾಘನೀಯ. ಅಭಿಮಾನಿಯ ಹೃದಯದ ದೃಷ್ಟಿಯಿಂದ ಆದಷ್ಟು ತಡವಾದರೆ ಕ್ಷೇಮ.

ಸೀಟಿ ಊದಿದ ಮೇಲೆ ಬಸ್ಸು. ಮೆಲಾಕಾದಿಂದ ಹೊರಟ ವಾಹನಗಳು ಆಯರ್ ಕೆರೊದಲ್ಲಿ ಹೆದ್ದಾರಿ ಸೇರುತ್ತವೆ. ಅಲ್ಲಿಂದ ಒಂದು ಕಡೆ ಕ್ವಾಲಾಲಂಪುರ, ಇನ್ನೊಂದು ಕಡೆ ಜೊಹೋರ್ ಬಾರು. ಮಧ್ಯರಾತ್ರಿ ದಾಟಿ ದಾರಿಬದಿಯ ತಂಗುದಾಣದಲ್ಲಿ ನಾಸಿ ಲೆಮಾಕ್ ಪೊಟ್ಟಣ ಬಿಚ್ಚುವಾಗ ಗೋಲು ಬೆಳೆಯಲು ಶುರುವಾಗುತ್ತದೆ. ಮೈದಾನದಲ್ಲಿ ಮೊಣಕಾಲಿಗೆ ತಾಗಿ ಒಳಗೆ ಹೋದ ಚೆಂಡು ಅನ್ನ ಮುಗಿಯುವಷ್ಟರಲ್ಲಿ ಇಪ್ಪತ್ತು ಗಜ ದೂರದಿಂದ ಹಾರಿಬಂದಿರುತ್ತದೆ. ಮನೆ ತಲುಪುವ ವೇಳೆಗೆ ಮೂವತ್ತು. ಟಿಕೆಟ್ಟು, ಬಸ್ಸಿನ ಬಾಡಿಗೆ, ನಾಳೆಯ ರಜೆ, ಹೆಂಡತಿಯ ಮುನಿಸು, ಇಷ್ಟೂ ಖರ್ಚು ಒಂದೇ ಅಂಕಕ್ಕೆ ಜಮೆಯಾಗಬೇಕಾದ್ದರಿಂದ ಗೋಲು ಸ್ವಲ್ಪ ದೊಡ್ಡದಾಗುವುದು ಅನಿವಾರ್ಯ. ಗೆದ್ದಿದ್ದರೆ ಮೂರು ಅಂಕಗಳೇ ಮಾತಾಡುತ್ತಿದ್ದವು.

ಪಂದ್ಯ ಎರಡು ಸುತ್ತಿನದಾಗಿದ್ದರೆ ಪ್ರಕರಣ ಇನ್ನೂ ಮುಗಿದಿರುವುದಿಲ್ಲ. ಪರಸ್ಥಳದ ಗೋಲಿಗೆ ಹೆಚ್ಚಿನ ತೂಕ ಕೊಡುವ ನಿಯಮ ಯುರೋಪಿನಲ್ಲಿ 1965ರಿಂದ 2021ರವರೆಗೆ ಬಾಳಿತು; ಏಷ್ಯಾದಲ್ಲೂ ಇತ್ತು. 2016ರ ಸೆಪ್ಟೆಂಬರ್ 28ರಂದು ಎಎಫ್‌ಸಿ ಕಪ್ ಸೆಮಿಫೈನಲ್ಲಿಗೆ ಬೆಂಗಳೂರು ಎಫ್‌ಸಿ ಮೆಲಾಕಾದ ನೆರೆಯ ಜೊಹೋರ್ ಬಾರುವಿಗೆ ಹೋಯಿತು. ಎದುರಿಗೆ ಹಿಂದಿನ ವರ್ಷದ ಚಾಂಪಿಯನ್ ಜೊಹೋರ್ ದಾರುಲ್ ತಾಜಿಂ. ಮನೆಯವರು ಮೊದಲು ಹೊಡೆದರು, ಯೂಜೆನ್‌ಸನ್ ಲಿಂಗ್ಡೊ ಸರಿಗಟ್ಟಿದರು, 1-1. ಗೋಲು ತೀರ ತಡವಾಗಿ ಬಂದದ್ದಲ್ಲ, ಆದರೆ ಬೆಲೆಯಲ್ಲಿ ಕಡಿಮೆಯದೂ ಅಲ್ಲ. ಅಕ್ಟೋಬರ್ 19ರಂದು ಕಂಠೀರವದಲ್ಲಿ ಮರುಪಂದ್ಯ. 11ನೇ ನಿಮಿಷದಲ್ಲೇ ಸಫೀಕ್ ರಹೀಂ ಗೋಲಿನಿಂದ ಜೊಹೋರ್ ಮುಂದೆ. ಸುನಿಲ್ ಚೆಟ್ರಿ ಎರಡು ಹೊಡೆದರು, ಹುವಾನನ್ ಮೂರನೆಯದನ್ನು ಸೇರಿಸಿದರು, 3-1. ಜೊಹೋರಿನಿಂದ ಬಂದವರಿಗೆ ಈಗ ಒಂದಲ್ಲ, ಎರಡು ಗೋಲು ಬೇಕಿತ್ತು, ಒಂದೂ ಬರಲಿಲ್ಲ. ಬೆಂಗಳೂರು ದೋಹಾದ ಫೈನಲ್‌ಗೆ ಹೋಯಿತು, ಭಾರತದ ಕ್ಲಬ್ಬೊಂದು ಅಲ್ಲಿಗೆ ತಲುಪಿದ್ದು ಅದೇ ಮೊದಲು. ನವೆಂಬರ್ 5ರಂದು ಇರಾಕಿನ ಏರ್‌ಫೋರ್ಸ್ ಕ್ಲಬ್ ದ್ವಿತೀಯಾರ್ಧದಲ್ಲಿ ಒಂದು ಗೋಲು ಹೊಡೆಯಿತು. ಕೊನೆಯ ಸೀಟಿಯವರೆಗೂ ಕಾದರೂ ಅದಕ್ಕೆ ಉತ್ತರ ಬರಲಿಲ್ಲ.