ನಕಲು ಮೀಮಾಂಸೆ

ಅರವತ್ತನಾಲ್ಕು ಕಲೆಗಳ ಪಟ್ಟಿಯಲ್ಲಿ ಹೂಮಾಲೆ ಕಟ್ಟುವುದಕ್ಕೆ ಜಾಗವಿದೆ, ಗಿಳಿಗೆ ಮಾತು ಕಲಿಸುವುದಕ್ಕೂ ಜಾಗವಿದೆ. ಕೋರ್ಟಿನ ದಾಖಲೆ ಕೊಠಡಿಯಿಂದ ನಕಲು ಪಡೆದು ಹೊರಬರುವುದಕ್ಕೆ ಮಾತ್ರ ಇಲ್ಲ. ಆ ಪಟ್ಟಿ ಕೊಟ್ಟ ವಾತ್ಸ್ಯಾಯನರು ಯಾವ ದಾವೆಯಲ್ಲೂ ಕಕ್ಷಿಗಾರರಾಗಿರಲಿಲ್ಲ ಎಂಬ ಊಹೆಗೆ ಇದೊಂದೇ ಆಧಾರ ಸಾಕು. ಈ ಶಾಸ್ತ್ರಲೋಪವನ್ನು ನೀಗಿಸಲು ಇಲ್ಲಿ ಆರು ಸೂತ್ರಗಳೂ ಅವುಗಳ ಭಾಷ್ಯವೂ ರಚಿತವಾಗಿವೆ. ಅಧ್ಯಯನದ ಕ್ಷೇತ್ರ ಮ್ಯಾನ್‌ಹಟನ್‌ನ 60, ಸೆಂಟರ್ ಸ್ಟ್ರೀಟ್. 1927ರಲ್ಲಿ ತೆರೆದ ನ್ಯೂಯಾರ್ಕ್ ಕೌಂಟಿ ಕೋರ್ಟ್ ಕಟ್ಟಡ. ವಾಸ್ತುಶಿಲ್ಪಿ ಗೈ ಲೋವೆಲ್ ಮೊದಲು ಬರೆದದ್ದು ದುಂಡನೆಯ ನಕ್ಷೆ. ಕಟ್ಟುವ ಹೊತ್ತಿಗೆ ಅದು ಷಟ್ಕೋನವಾಯಿತು. ಕಕ್ಷಿಗಾರರನ್ನು ಸುತ್ತಿಸುವ ಮೂಲ ಉದ್ದೇಶ ಮಾತ್ರ ಬದಲಾಗಲಿಲ್ಲವೆಂದು ಒಂದು ಪಂಥದ ಮತ.

ಸೂತ್ರ 1: ಊರಿನ ಹೆಸರು ಬೇರೆ, ಕೌಂಟಿಯ ಹೆಸರು ಬೇರೆ.

ಭಾಷ್ಯ: ನ್ಯೂಯಾರ್ಕ್ ನಗರ ಒಂದೇ, ಅದರೊಳಗಿನ ಕೌಂಟಿಗಳು ಐದು. ಜಗತ್ತು ಬ್ರೂಕ್ಲಿನ್ ಎನ್ನುವುದನ್ನು ಕಡತ ಕಿಂಗ್ಸ್ ಎನ್ನುತ್ತದೆ. ಸ್ಟೇಟನ್ ಐಲ್ಯಾಂಡ್ ಕಡತದಲ್ಲಿ ರಿಚ್ಮಂಡ್. ಮ್ಯಾನ್‌ಹಟನ್ ಒಂದೇ ನ್ಯೂಯಾರ್ಕ್ ಕೌಂಟಿ. ಕ್ವೀನ್ಸ್, ಬ್ರಾಂಕ್ಸ್ ಇವೆರಡಕ್ಕೆ ಮಾತ್ರ ಮನೆಯಲ್ಲೂ ಶಾಲೆಯಲ್ಲೂ ಒಂದೇ ಹೆಸರು. ಪ್ರತಿ ಕೌಂಟಿಗೂ ಅದರದೇ ಕ್ಲರ್ಕ್ ಇರುವುದರಿಂದ, ಕಿಂಗ್ಸ್ ಕೌಂಟಿಯ ಕಡತಕ್ಕಾಗಿ ಸೆಂಟರ್ ಸ್ಟ್ರೀಟಿನಲ್ಲಿ ಎಷ್ಟು ಕೈಮುಗಿದರೂ ಫಲವಿಲ್ಲ.

ಸೂತ್ರ 2: ಸುಪ್ರೀಂ ಎಂಬುದು ಕೆಳಗಿನದು.

ಭಾಷ್ಯ: ಕನ್ನಡದ ಜಿಜ್ಞಾಸು ಎಡವುವುದು ಇಲ್ಲೇ. ನ್ಯೂಯಾರ್ಕ್ ರಾಜ್ಯದಲ್ಲಿ ಸುಪ್ರೀಂ ಕೋರ್ಟ್ ಎಂದರೆ ದಾವೆ ಹೂಡುವ, ಸಾಕ್ಷಿ ಕೇಳುವ ಮೊದಲ ಮೆಟ್ಟಿಲು. 60, ಸೆಂಟರ್ ಸ್ಟ್ರೀಟಿನಲ್ಲಿರುವುದು ಅದೇ. ಅದರ ಮೇಲೆ ಅಪೆಲೇಟ್ ಡಿವಿಷನ್. ತುತ್ತತುದಿಯಲ್ಲಿ, ಆಲ್ಬನಿಯಲ್ಲಿ, ಕೋರ್ಟ್ ಆಫ್ ಅಪೀಲ್ಸ್. ‘ಸುಪ್ರೀಂ ಕೋರ್ಟಿನವರೆಗೂ ಹೋಗ್ತೀನಿ’ ಎಂಬ ನಮ್ಮೂರ ಗದ್ದೆಬದುವಿನ ಬೆದರಿಕೆಗೆ ಅಲ್ಲಿ ಯಾರೂ ಬೆವರುವುದಿಲ್ಲ. ಹೋಗುವುದು ಮೊದಲು ಅಲ್ಲಿಗೇ. 50,000 ಡಾಲರಿನವರೆಗಿನ ಹಣದ ವ್ಯಾಜ್ಯಗಳನ್ನು ಕೇಳಲು ನಗರದ ಸಿವಿಲ್ ಕೋರ್ಟ್ ಬೇರೆ ಇದೆ. ಅದು 111, ಸೆಂಟರ್ ಸ್ಟ್ರೀಟಿನಲ್ಲಿ. ಬೀದಿ ಒಂದೇ, ಕಡತ ಬೇರೆ. ಹೆಸರು ಕೇಳಿ ‘ಸಿವಿಲ್ ಕಡತ ಸಿವಿಲ್ ಕೋರ್ಟಿನಲ್ಲಿರುತ್ತದೆ’ ಎಂದು ತರ್ಕ ಹೂಡಿದವರು ಬೀದಿಯುದ್ದಕ್ಕೂ ನಡೆದು ವಾಪಸಾಗುತ್ತಾರೆ.

ಸೂತ್ರ 3: ನಂಬರಿಲ್ಲದವನಿಗೆ ಕಡತವಿಲ್ಲ.

ಭಾಷ್ಯ: ನಮ್ಮಲ್ಲಿ ಓ.ಎಸ್. ನಂಬರ್ ಇದ್ದಂತೆ ಅಲ್ಲಿ ಇಂಡೆಕ್ಸ್ ನಂಬರ್. ಇದನ್ನು ‘ಖರೀದಿಸು’ ಎಂದೇ ವಕೀಲರು ಹೇಳುವುದು. ಬೆಲೆ 210 ಡಾಲರ್. ಮಾದರಿಗೆ 452564/2022. ರಾಜ್ಯದ ಅಟಾರ್ನಿ ಜನರಲ್ ಡೊನಾಲ್ಡ್ ಟ್ರಂಪ್ ಮತ್ತವರ ಕಂಪನಿಯ ಮೇಲೆ ಹೂಡಿದ ಸಿವಿಲ್ ವಂಚನೆ ದಾವೆಯ ನಂಬರ್ ಅದು. ಓರೆಗೆರೆಯ ಬಲಗಡೆ ಇರುವುದು ನಂಬರ್ ಕೊಂಡ ವರ್ಷ, ತೀರ್ಪಿನ ವರ್ಷವಲ್ಲ. ಈ ದಾವೆಯ ವಿಚಾರಣೆ ಶುರುವಾದದ್ದು 2023ರಲ್ಲಿ, ತೀರ್ಪು ಬಂದದ್ದು 2024ರ ಫೆಬ್ರುವರಿಯಲ್ಲಿ. ತೀರ್ಪಿನ ವರ್ಷ ಹಿಡಿದು ಹುಡುಕುವವನು ಮದುವೆಯ ವರ್ಷದಲ್ಲಿ ಜಾತಕ ಹುಡುಕಿದಂತೆ.

ನಂಬರ್ ಕೊಂಡರೂ ನ್ಯಾಯಾಧೀಶರು ಬಂದುಬಿಡುವುದಿಲ್ಲ. ‘ನ್ಯಾಯಾಧೀಶರು ದಯವಿಟ್ಟು ಮಧ್ಯೆ ಪ್ರವೇಶಿಸಬೇಕು’ ಎಂದು ಕೋರುವ ಅರ್ಜಿ ಪ್ರತ್ಯೇಕ, ಅದಕ್ಕೆ 95 ಡಾಲರ್. ಯಾರೂ ಕೋರದಿದ್ದರೆ ದಾವೆ ತಬ್ಬಲಿಯಾಗಿ ಬಿದ್ದಿರುತ್ತದೆ. 1992ಕ್ಕೆ ಮೊದಲು ಸ್ಥಿತಿ ಇನ್ನೂ ಅದ್ವೈತವಾಗಿತ್ತು. ಪ್ರತಿವಾದಿಯ ಕೈಗೆ ಸಮನ್ಸ್ ತಲುಪಿದರೆ ದಾವೆ ಹುಟ್ಟಿದಂತೆ, ಕೋರ್ಟಿಗೆ ಕಾಗದ ಬರಬೇಕೆಂದಿರಲಿಲ್ಲ. ದಾವೆ ಇದೆ, ಕಡತವಿಲ್ಲ. ಆ ಕಾಲದ ವ್ಯಾಜ್ಯವನ್ನು ಹುಡುಕುವವರು ಈ ಭೇದವನ್ನು ಮೊದಲೇ ಧ್ಯಾನಿಸಿಕೊಂಡು ಹೋಗತಕ್ಕದ್ದು.

ನಂಬರ್ ಗೊತ್ತಿಲ್ಲದಿದ್ದರೆ ಕಕ್ಷಿಗಾರರ ಹೆಸರು ಹಿಡಿದು ಹುಡುಕಬೇಕು. ಇಲ್ಲಿ ಕನ್ನಡಿಗರ ಕೊಡುಗೆ ಅಪಾರ. ಊರಿನದೊಂದು, ಅಪ್ಪನದೊಂದು ಇನಿಷಿಯಲ್ ಹೊತ್ತು ಹೋದ ಮನುಷ್ಯನ ಹೆಸರು ಪಾಸ್‌ಪೋರ್ಟಿನಲ್ಲಿ ಬಿಡಿಸಿಕೊಂಡಾಗ ಹಳ್ಳಿಯ ಹೆಸರು ಫಸ್ಟ್ ನೇಮ್ ಆಗುತ್ತದೆ, ಅಮ್ಮ ಕೂಗುವ ಹೆಸರು ಲಾಸ್ಟ್ ನೇಮ್ ಆಗುತ್ತದೆ. ಇಂಡೆಕ್ಸ್ ಸಾಗುವುದು ಲಾಸ್ಟ್ ನೇಮ್ ಕ್ರಮದಲ್ಲಿ. ಆದ್ದರಿಂದ ಹೆಸರನ್ನು ಹಿಂದುಮುಂದು ಮಾಡಿ, ‘ಆಚಾರ್’ಗೆ ಒಂದು ಎ ಹೆಚ್ಚು ಕೊಟ್ಟು, ಒಂದು ಎ ಕಸಿದು, ಎಲ್ಲ ಬಗೆಯಲ್ಲೂ ಹುಡುಕುವುದು ವಿಹಿತ.

ಸೂತ್ರ 4: ಇರುವುದೆಲ್ಲ ಕಾಣುವುದಿಲ್ಲ.

ಭಾಷ್ಯ: ಇಲ್ಲಿ ಎರಡು ದರ್ಶನಗಳು. ಮೊದಲನೆಯದು ಗಣಕವಾದ: ಎಲ್ಲವೂ ಇ-ಫೈಲಿಂಗ್ ತಾಣದಲ್ಲಿದೆ, ಉಳಿದದ್ದು ಮಾಯೆ. ವಾದದಲ್ಲಿ ಹುರುಳಿಲ್ಲದಿಲ್ಲ. ಇ-ಫೈಲ್ ಆದ ದಾವೆಯ ಕಾಗದಗಳನ್ನು ಯಾರು ಬೇಕಾದರೂ ಅತಿಥಿಯಾಗಿ ಹೊಕ್ಕು ಬಿಟ್ಟಿಯಾಗಿ ಓದಬಹುದು. ಮೇಲೆ ಹೇಳಿದ 452564/2022 ಕೂಡ ಹಾಗೇ ತೆರೆದಿದೆ. ಎರಡನೆಯದು ನೆಲಮಾಳಿಗೆವಾದ: ಕಾಗದದ ಕಾಲದ ಕಡತಕ್ಕೆ ಕಟ್ಟಡದ ತಳದಲ್ಲಿರುವ ದಾಖಲೆ ಕೊಠಡಿಗೇ ಇಳಿಯಬೇಕು. ತೀರಾ ಹಳೆಯದಾದರೆ 31, ಚೇಂಬರ್ಸ್ ಸ್ಟ್ರೀಟಿನ ಹಾಲ್ ಆಫ್ ರೆಕಾರ್ಡ್ಸ್ ಕಟ್ಟಡಕ್ಕೆ ನಡೆಯಬೇಕು. ಅದೇ ಬೀದಿಯ 52ನೇ ನಂಬರಿನಲ್ಲಿ ಹಳೆಯ ಕೌಂಟಿ ಕೋರ್ಟ್ ಕಟ್ಟಡವಿದೆ. ಅದನ್ನು ಕಟ್ಟಿಸುವ ನೆಪದಲ್ಲಿ ಖಜಾನೆ ಬಗೆದ ರಾಜಕಾರಣಿ ವಿಲಿಯಂ ಟ್ವೀಡ್‌ಗೆ 1873ರಲ್ಲಿ ಶಿಕ್ಷೆಯಾದದ್ದು ಅದೇ ಕಟ್ಟಡದ ಇನ್ನೂ ಮುಗಿಯದ ಕೋಣೆಯೊಂದರಲ್ಲಿ. ದಾಖಲೆಗಾಗಿ ಯಾರೂ ದೂರ ಹೋಗಬೇಕಿರಲಿಲ್ಲ, ಗೋಡೆಗಳೇ ಕಡತವಾಗಿದ್ದವು.

ಎರಡೂ ದರ್ಶನಗಳಿಗೆ ಎಟುಕದ್ದು ದಾಂಪತ್ಯದ ಕಡತ. ವಿಚ್ಛೇದನದ ಕಾಗದಗಳನ್ನು ಆ ದಂಪತಿಗೂ ಅವರ ವಕೀಲರಿಗೂ ಬಿಟ್ಟು, ಕೋರ್ಟಿನ ಆದೇಶವಿಲ್ಲದೆ ಮತ್ತೊಬ್ಬರಿಗೆ ತೋರಿಸುವಂತಿಲ್ಲ. ಈ ಮುಸುಕು 100 ವರ್ಷ. 2024ರಲ್ಲಿ ಕಡತವಾದ ಜಗಳದ ಕಾರಣ ತಿಳಿಯಲು ಪಕ್ಕದ ಮನೆಯವರು 2124ರವರೆಗೆ ತಾಳತಕ್ಕದ್ದು. ಉಳಿದ ಸಿವಿಲ್ ಕಡತಗಳನ್ನು ಮುಚ್ಚಿಡಬೇಕಾದರೆ ನ್ಯಾಯಾಧೀಶರು ಸಕಾರಣವನ್ನು ಬರವಣಿಗೆಯಲ್ಲಿ ದಾಖಲಿಸಬೇಕು. ‘ನಮ್ಮ ಮರ್ಯಾದೆ ಹೋಗುತ್ತದೆ’ ಎಂದು ಕಕ್ಷಿಗಾರರಿಬ್ಬರೂ ಒಪ್ಪಿಕೊಂಡರಷ್ಟೇ ಸಾಲದು.

ಸೂತ್ರ 5: ಸಿಗದಿದ್ದರೂ ಪತ್ರ ಸಿಗುತ್ತದೆ.

ಭಾಷ್ಯ: ‘ಇಲ್ಲ’ ಎಂಬುದನ್ನು ತಿಳಿಯುವುದು ಹೇಗೆಂದು ನಮ್ಮ ಮೀಮಾಂಸಕರು ಬಹಳ ಕಾಲ ಕಾದಾಡಿದ್ದಾರೆ. ಕುಮಾರಿಲ ಭಟ್ಟನ ಅನುಯಾಯಿಗಳು ಅನುಪಲಬ್ಧಿಯನ್ನು ಆರನೇ ಪ್ರಮಾಣವೆಂದರು. ಪ್ರಭಾಕರನ ಕಡೆಯವರು ಒಪ್ಪಲಿಲ್ಲ. ನ್ಯೂಯಾರ್ಕಿನ ಶಾಸನಸಭೆ ಕುಮಾರಿಲನ ಪಕ್ಷ. ಅಲ್ಲಿನ ಜುಡಿಷಿಯರಿ ಕಾನೂನಿನ 255ನೇ ಕಲಂ ಪ್ರಕಾರ, ಶುಲ್ಕ ಕಟ್ಟಿ ಕೇಳಿದವರಿಗಾಗಿ ಕ್ಲರ್ಕ್ ಶ್ರದ್ಧೆಯಿಂದ ಹುಡುಕಬೇಕು. ಸಿಕ್ಕರೆ ನಕಲು ಕೊಡಬೇಕು, ಸಿಗದಿದ್ದರೆ ‘ಸಿಗಲಿಲ್ಲ’ ಎಂದು ದೃಢೀಕರಿಸಿ ಕೊಡಬೇಕು. ‘ನಾಳೆ ಬನ್ನಿ’ ಎಂಬ ಏಳನೇ ಪ್ರಮಾಣಕ್ಕೆ ಆ ಕಲಮಿನಲ್ಲಿ ಮಾನ್ಯತೆ ಇಲ್ಲ.

ಸೂತ್ರ 6: ನಕಲು ಮೂರು ಬಗೆ.

ಭಾಷ್ಯ: ಸಾದಾ ನಕಲು ಓದುವುದಕ್ಕೆ. ದೃಢೀಕೃತ ನಕಲು ಇನ್ನೊಬ್ಬರನ್ನು ನಂಬಿಸುವುದಕ್ಕೆ. ಮೂರನೆಯದು ‘ಎಕ್ಸೆಂಪ್ಲಿಫೈಡ್’, ಪರರಾಜ್ಯಗಳಿಗಾಗಿ. ಅದರಲ್ಲಿ ನಕಲು ಸರಿಯಿದೆಯೆಂದು ಕ್ಲರ್ಕ್ ಹೇಳುತ್ತಾರೆ, ಕ್ಲರ್ಕ್ ನಿಜವಾದ ಕ್ಲರ್ಕ್ ಎಂದು ನ್ಯಾಯಾಧೀಶರು ಹೇಳುತ್ತಾರೆ, ನ್ಯಾಯಾಧೀಶರು ನಿಜವಾದ ನ್ಯಾಯಾಧೀಶರೆಂದು ಮತ್ತೆ ಕ್ಲರ್ಕೇ ಹೇಳುತ್ತಾರೆ. ತರ್ಕಶಾಸ್ತ್ರದಲ್ಲಿ ಇದಕ್ಕೆ ಅನ್ಯೋನ್ಯಾಶ್ರಯ ದೋಷವೆನ್ನುತ್ತಾರೆ, ಕೋರ್ಟಿನಲ್ಲಿ ಪುರಾವೆ ಎನ್ನುತ್ತಾರೆ.

ನ್ಯೂಯಾರ್ಕಿನಲ್ಲಿ ವಿಚ್ಛೇದನ ಪಡೆದು ಬೆಂಗಳೂರಿನಲ್ಲಿ ಮರುಮದುವೆಗೆ ಹೊರಟ ಕನ್ನಡಿಗನಿಗೆ ಈ ಸೂತ್ರವೇ ಮಂಗಳಸೂತ್ರ. ಕ್ಲರ್ಕಿನ ಸಹಿಯ ಮೇಲೆ ರಾಜ್ಯದ ಡಿಪಾರ್ಟ್‌ಮೆಂಟ್ ಆಫ್ ಸ್ಟೇಟ್‌ನಿಂದ 10 ಡಾಲರಿಗೆ ಅಪೊಸ್ಟಿಲ್ ಹಾಕಿಸಬೇಕು. ಅಪೊಸ್ಟಿಲನ್ನು ಮಾನ್ಯ ಮಾಡುವ ಅಂತರರಾಷ್ಟ್ರೀಯ ಒಪ್ಪಂದ ಭಾರತದಲ್ಲಿ ಜಾರಿಗೆ ಬಂದದ್ದು 2005ರಲ್ಲಿ. ದೃಢೀಕೃತ ನಕಲು ಹಾಜರಾದರೆ, ವಿದೇಶಿ ಕೋರ್ಟಿಗೆ ಅಧಿಕಾರವಿತ್ತೆಂದು ನಮ್ಮ ಕೋರ್ಟು ಭಾವಿಸಬೇಕು ಎನ್ನುತ್ತದೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 14ನೇ ಕಲಂ. ಆ ತೀರ್ಪನ್ನು ತಳ್ಳಿಹಾಕಲು ಆರು ದಾರಿಗಳನ್ನು ಅದರ ಹಿಂದಿನ 13ನೇ ಕಲಂ ತೆರೆದಿಟ್ಟಿದೆ. ಕಟ್ಟಡದ ಆರು ಮೂಲೆಗೂ ಈ ಆರು ದಾರಿಗೂ ಇರುವ ಸಂಬಂಧ ಮುಂದಿನ ಸಂಶೋಧಕರಿಗೆ ಬಿಟ್ಟದ್ದು.

ಪರಿಶಿಷ್ಟ: ಒಂದು ಪಾಠಾಂತರ

60, ಸೆಂಟರ್ ಸ್ಟ್ರೀಟಿನ ಮುಖಮಂಟಪದ ಮೇಲೆ, ನ್ಯಾಯಪಾಲನೆಯನ್ನು ಕುರಿತ ಜಾರ್ಜ್ ವಾಷಿಂಗ್ಟನ್ನರ ಮಾತೊಂದನ್ನು ಕಲ್ಲಿನಲ್ಲಿ ಕೆತ್ತಲಾಗಿದೆ. ಮೂಲ ಇರುವುದು 1789ರ ಸೆಪ್ಟೆಂಬರ್ 28ರಂದು ಅವರು ಎಡ್ಮಂಡ್ ರ‍್ಯಾಂಡಾಲ್ಫ್‌ಗೆ ಬರೆದ ಪತ್ರದಲ್ಲಿ. ಪತ್ರದಲ್ಲಿ ನ್ಯಾಯಪಾಲನೆಗೆ ಇದ್ದ ವಿಶೇಷಣ ‘ಡ್ಯೂ’. ಕಲ್ಲಿನಲ್ಲಿ ಮೂಡಿದ್ದು ‘ಟ್ರೂ’. ಅದರ ಕೆಳಗಿನ ಬಾಗಿಲಿನಿಂದಲೇ ಜನ ‘ಟ್ರೂ ಕಾಪಿ’ ಕೇಳಿಕೊಂಡು ಒಳಗೆ ಹೋಗುತ್ತಾರೆ. ಅಸಲಿನೊಂದಿಗೆ ತಾಳೆ ನೋಡಿ ತಪ್ಪನ್ನು ಬಯಲಿಗೆ ತಂದದ್ದು 2009ರಲ್ಲಿ. ಕಟ್ಟಡ ತೆರೆದು ಆಗ 82 ವರ್ಷ ಆಗಿತ್ತು.